ಮಲಗಿಸುವಾಗಲೇ ಎಚ್ಚರದ ಲೆಕ್ಕ

ಆಪರೇಷನ್‌ಗೆ ಅರಿವಳಿಕೆ ಕೊಡುವ ಡಾಕ್ಟರ್ ನಾನು. ಹಿಂದಿನ ದಿನ ರೋಗಿಗಳನ್ನು ನೋಡಲು ಹೋದಾಗ ನಾನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಬಸ್ಸಲ್ಲಿ ಹೋದ್ರೆ ವಾಂತಿ ಬರುತ್ತಾ?" ಬಿಪಿ, ಶುಗರ್, ಆಸ್ತಮಾ ಎಲ್ಲ ಆದಮೇಲೆ ಇದನ್ನು ಕೇಳಿದರೆ ಜೊತೆಗಿರುವವರು ಮುಖ ಮುಖ ನೋಡಿಕೊಳ್ಳುತ್ತಾರೆ. ಆದರೆ ಆಗುಂಬೆ ಘಾಟಿ ಇಳಿಯುವಾಗ ಕವರ್ ಹಿಡಿದು ಕೂರುವ ಹೆಂಗಸಿಗೆ ಆಪರೇಷನ್ ಮುಗಿದ ಮೇಲೂ ವಾಂತಿಯ ಕಾಟ ಜಾಸ್ತಿ.

ಆಪ್ಫೆಲ್ ಎಂಬ ಅರಿವಳಿಕೆ ತಜ್ಞರು ಜೊತೆಗಾರರೊಂದಿಗೆ 1999ರಲ್ಲಿ ಕೊಟ್ಟ, ಯಾರಿಗೆ ವಾಂತಿ ಆದೀತು ಎಂದು ಅಂದಾಜಿಸುವ ಲೆಕ್ಕವನ್ನೇ ನಾವು ಇವತ್ತಿಗೂ ಹಿಡಿದಿದ್ದೇವೆ. ರೋಗಿ ಹೆಂಗಸಾಗಿರುವುದು, ಸಿಗರೇಟ್ ಸೇದದವರಾಗಿರುವುದು, ಪ್ರಯಾಣದಲ್ಲೋ ಹಿಂದಿನ ಆಪರೇಷನ್ ಆದಮೇಲೋ ವಾಂತಿ ಆಗಿರುವುದು, ಆಪರೇಷನ್ ನಂತರ ಮಾರ್ಫಿನ್ ಜಾತಿಯ ನೋವಿನ ಮದ್ದು ಬೇಕಾಗುವುದು. ನಾಲ್ಕೂ ಸೇರಿದರೆ ನೂರಕ್ಕೆ ಸುಮಾರು 80 ಜನರಿಗೆ ಓಕರಿಕೆ ಅಥವಾ ವಾಂತಿ. ನಮ್ಮ ಕಡೆಯ ಹೆಂಗಸರಿಗೆ ಮೊದಲ ಎರಡು ಹೆಚ್ಚುಕಡಿಮೆ ಇದ್ದೇ ಇರುತ್ತವೆ. ಮೂರನೆಯದನ್ನು ಯಾರೂ ಬದಲಿಸಲಾಗದು. ನನ್ನ ಕೈಯಲ್ಲಿರುವುದು ನಾಲ್ಕನೆಯದು. ಹಾಗಾಗಿ ನಾನು ಮದ್ದುಗಳನ್ನು ಬೆರೆಸುವ ಕ್ರಮವೆಲ್ಲ ಅಲ್ಲಿಂದಲೇ ಶುರುವಾಗುತ್ತದೆ.

ನಿದ್ದೆ ಬರಿಸುವುದು, ನೋವು ತಡೆಯುವುದು, ಮಾಂಸಖಂಡ ಸಡಿಲಿಸುವುದು, ಇವು ಬೇರೆ ಬೇರೆ ಕೆಲಸ. ಈಥರ್ ಎಂಬ ಹಳೆಯ ಅರಿವಳಿಕೆ ಮದ್ದಿನ ಕಾಲದಲ್ಲಿ ಅದೊಂದರಿಂದಲೇ ಮೂರನ್ನೂ ಮಾಡಿಸುತ್ತಿದ್ದರು. ಅದಕ್ಕೆ ಡೋಸ್ ಏರಿಸಬೇಕು, ಏರಿಸಿದಷ್ಟೂ ಎಚ್ಚರ ತಡ. ಒಂದೊಂದು ಕೆಲಸಕ್ಕೆ ಒಂದೊಂದು ಮದ್ದನ್ನು ಸ್ವಲ್ಪ ಸ್ವಲ್ಪ ಕೊಡೋಣ ಎಂಬ ಯೋಚನೆಗೆ 1926ರಲ್ಲಿ ಮೇಯೊ ಕ್ಲಿನಿಕ್‌ನ ಜಾನ್ ಲಂಡಿ "ಬ್ಯಾಲೆನ್ಸ್ಡ್ ಅನಸ್ತೇಶಿಯಾ" (ಸಮತೋಲನದ ಅರಿವಳಿಕೆ) ಎಂದು ಹೆಸರಿಟ್ಟರು. ಅದು ನನ್ನ ದಿನನಿತ್ಯದ ಕೆಲಸ.

ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಹಾಕಿ, ಪಿತ್ತಕೋಶ ತೆಗೆಯುವ ಆಪರೇಷನ್ ತೆಗೆದುಕೊಳ್ಳಿ. ಬಸ್ಸಲ್ಲಿ ವಾಂತಿ ಬರುತ್ತೆ ಎಂದವರಿಗೆ ನಾನು ಉಸಿರಿನಲ್ಲಿ ಕೊಡುವ ಅರಿವಳಿಕೆ ಗ್ಯಾಸ್ ಬದಲು, ರಕ್ತನಾಳಕ್ಕೆ ಪ್ರೊಪೊಫಾಲ್ ಬಿಡುವ ಪಂಪ್ ಮೇಲೇ ನಡೆಸುತ್ತೇನೆ. ಹಾಲಿನ ಬಣ್ಣದ ಈ ಮದ್ದಿನಲ್ಲಿ ನಡೆಸಿದರೆ ಗ್ಯಾಸ್‌ಗಿಂತ ವಾಂತಿ ಕಡಿಮೆ, ಏಳುವಾಗ ತಲೆಯೂ ಹಗುರ. ಕತ್ತಿ ಇಡುವ ಮುಂಚೆಯೇ ಒಂದು ಗ್ರಾಂ ಪ್ಯಾರಾಸಿಟಮಾಲ್ ಡ್ರಿಪ್. ನಿದ್ದೆ ಬಂದ ಮೇಲೆ ವಾಂತಿ ತಡೆಯಲು ಡೆಕ್ಸಾಮೆಥಸೋನ್. ಇದನ್ನು ಎಚ್ಚರ ಇರುವಾಗ ಬೇಗ ಕೊಟ್ಟರೆ ಕೆಳಭಾಗದಲ್ಲಿ ಉರಿ, ತುರಿಕೆ ಬಂದು ರೋಗಿ ಗಾಬರಿಯಾಗುತ್ತಾರೆ, ಹೇಳಿಕೊಳ್ಳಲೂ ಆಗದೆ ಒದ್ದಾಡುತ್ತಾರೆ. ಮಾರ್ಫಿನ್ ಜಾತಿಯದೇ ಆದ ಫೆಂಟನಿಲ್ ಶುರುವಿನಲ್ಲಿ ಒಂದು ಸಲ, ಆಮೇಲೆ ಆದಷ್ಟೂ ಇಲ್ಲ. ತೂತು ಹಾಕುವ ಜಾಗಗಳಿಗೆ ಸರ್ಜನ್ ಕೈಯಲ್ಲಿ ಆ ಜಾಗ ಮರಗಟ್ಟಿಸುವ ಬ್ಯುಪಿವಕೇನ್ ಹಾಕಿಸುತ್ತೇನೆ. ಹೊಲಿಗೆ ಶುರುವಾದಾಗ ವಾಂತಿ ತಡೆಯುವ ಇನ್ನೊಂದು ಮದ್ದು, ಓಂಡಾನ್ಸೆಟ್ರಾನ್.

ಇದರ ಜೊತೆ ಸ್ವಲ್ಪವೇ ಸ್ವಲ್ಪ ಕೆಟಮಿನ್. ಈ ಮದ್ದಿನ ಮೇಲೆ ಇರುವ ಭಯ ನನಗೆ ಗೊತ್ತು. ಪೂರ್ತಿ ಡೋಸಿನಲ್ಲಿ ಕೆಲವರಿಗೆ ವಿಚಿತ್ರ ಕನಸು ಬೀಳುತ್ತದೆ, ಎದ್ದು ಏನೇನೋ ಮಾತಾಡುತ್ತಾರೆ. ಆದರೆ ಮಲಗಿಸಲು ಕಿಲೋ ತೂಕಕ್ಕೆ ಒಂದರಿಂದ ಎರಡು ಮಿಲಿಗ್ರಾಂ ಬೇಕು. ನಾನು ಕಿಲೋಗೆ ಕೊಡುವುದು ಕಾಲು ಮಿಲಿಗ್ರಾಂ, ಅದೂ ನಿದ್ದೆ ಬಂದಮೇಲೆ. ಇಷ್ಟರಲ್ಲಿ ಕನಸಿನ ತೊಂದರೆ ತೀರಾ ಕಡಿಮೆ, ಮಾರ್ಫಿನ್ ಜಾತಿಯ ಮದ್ದಿನ ಅಗತ್ಯವೂ ಇಳಿಯುತ್ತದೆ. ಸಣ್ಣ ಆಸ್ಪತ್ರೆಗಳಲ್ಲೂ ಸಿಗುವ ಅಗ್ಗದ ಮದ್ದು ಇದು. ಸುಮ್ನೆ ಹೆದರಿ ದೂರ ಇಡಬಾರದು ಅಂತ ನನ್ನ ಅಭಿಪ್ರಾಯ.

ಮದ್ದಿನಿಂದ ಸಡಿಲಿಸಿದ ಮಾಂಸಖಂಡದ ಬಿಗಿ ವಾಪಸ್ ಬಂದಿದೆಯೋ ಇಲ್ಲವೋ ಎಂದು ಕಣ್ಣಂದಾಜಿನಲ್ಲಿ ಹೇಳುವುದನ್ನು ನಾನು ಒಪ್ಪುವುದಿಲ್ಲ. ಮಣಿಕಟ್ಟಿನ ನರಕ್ಕೆ ಯಂತ್ರದಿಂದ ನಾಲ್ಕು ಸಲ ಸಣ್ಣ ಕರೆಂಟ್ ಕೊಟ್ಟರೆ ಹೆಬ್ಬೆರಳು ನಾಲ್ಕು ಸಲ ಮಿಡಿಯುತ್ತದೆ. ನಾಲ್ಕನೆಯ ಮಿಡಿತ ಮೊದಲನೆಯದರ 90 ಪರ್ಸೆಂಟ್ ಆಗುವವರೆಗೆ ಗಂಟಲಿನ ಟ್ಯೂಬ್ ತೆಗೆಯುವುದಿಲ್ಲ. ಮನಸ್ಸು ಎಚ್ಚರವಾಗಿ ಮೈ ಏಳದಿದ್ದರೆ ರೋಗಿಗೆ ಆಗುವ ದಿಗಿಲು ಯಾರಿಗೂ ಬೇಡ.

ಮಕ್ಕಳ ವಿಷಯ ಬೇರೆ. ಟಾನ್ಸಿಲ್ ಆಪರೇಷನ್‌ಗೆ ಸಿವೋಫ್ಲುರೇನ್ ಎಂಬ ಗ್ಯಾಸ್ ಕೊಟ್ಟು ಮಲಗಿಸಿದ ಮಗು ಬೇಗ ಏಳುತ್ತದೆ, ಆದರೆ ಕೆಲವು ಮಕ್ಕಳು ಏಳುವ ರೀತಿ ನೋಡಲಾಗದು. ಕಣ್ಣು ತೆರೆದಿರುತ್ತದೆ, ಅಮ್ಮನ ಗುರುತು ಹತ್ತುವುದಿಲ್ಲ, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಕಿರುಚುತ್ತದೆ, ಕೈಯಲ್ಲಿರುವ ಸೂಜಿ ಕೀಳಲು ನೋಡುತ್ತದೆ. "ಏನ್ ಮಾಡಿದ್ರಿ ಡಾಕ್ಟ್ರೇ ನನ್ ಮಗೂಗೆ?" ಎಂದು ತಾಯಿ ಅಳುತ್ತಾರೆ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಇಳಿಯುತ್ತದೆ, ಆದರೆ ಆ ಹೊತ್ತು ಬಹಳ ಉದ್ದ. ನೋವಿನಿಂದ ಅಳುವ ಮಗುವೂ ಹೀಗೇ ಕಾಣುವುದರಿಂದ ಮೊದಲು ನೋವಿಗೆ ಸರಿಯಾಗಿ ಕೊಟ್ಟಿರಬೇಕು. ಅದರ ಮೇಲೆ ಡೆಕ್ಸ್‌ಮೆಡಿಟೊಮಿಡಿನ್ ಅನ್ನು ಕಿಲೋಗೆ ಅರ್ಧ ಮೈಕ್ರೋಗ್ರಾಂ ಮೀರದಂತೆ, ಹತ್ತು ನಿಮಿಷದಲ್ಲಿ ನಿಧಾನವಾಗಿ ಬಿಡುತ್ತೇನೆ. ಸಹಜ ನಿದ್ದೆಗೆ ಹತ್ತಿರವಾದ ನಿದ್ದೆ ಬರಿಸುತ್ತದೆ, ಉಸಿರಾಟವನ್ನು ಅಷ್ಟಾಗಿ ಕುಗ್ಗಿಸುವುದಿಲ್ಲ. ಆದರೆ ಹೃದಯ ಬಡಿತ ಇಳಿಸುತ್ತದೆ, ಹಾಗಾಗಿ ಮಾನಿಟರ್ ಮೇಲಿನ ಕಣ್ಣು ತೆಗೆಯುವ ಹಾಗಿಲ್ಲ. ಏಳುವುದೂ ಸ್ವಲ್ಪ ತಡ. ಮುಂದಿನ ಕೇಸಿಗೆ ಹಾಸಿಗೆ ಬೇಕು ಎಂದು ರಿಕವರಿಯ ಸಿಸ್ಟರ್ ಅವಸರ ಮಾಡಿದರೂ ನಾನು ಮಗುವಿನ ಪರ. ಒಂದು ಮಗ್ಗುಲಿಗೆ ಮಲಗಿ ಇನ್ನರ್ಧ ಗಂಟೆ ನಿದ್ದೆ ಮಾಡಿ ಅಮ್ಮನ ಗುರುತು ಹಿಡಿದು ಏಳಲಿ.

ವಯಸ್ಸಾದವರಲ್ಲಿ ಬೆರೆಸುವುದಕ್ಕಿಂತ ಬಿಡುವುದೇ ಮುಖ್ಯ. ಸೊಂಟದ ಮೂಳೆ ಮುರಿದ ಅಜ್ಜಿಗೆ ತೊಡೆಯ ಮೇಲ್ಭಾಗದಲ್ಲಿ ನರದ ಬ್ಲಾಕ್ ಕೊಟ್ಟು ನೋವು ಇಳಿಸಿ, ಆಮೇಲೆ ಬೆನ್ನಿಗೆ ಸ್ಪೈನಲ್, ಅಂದರೆ ಸೊಂಟದ ಕೆಳಗೆ ಮರಗಟ್ಟಿಸುವ ಇಂಜೆಕ್ಷನ್. ಮಿಡಜೋಲಮ್ ಇಲ್ಲ, ಗ್ಯಾಬಾಪೆಂಟಿನ್ ಇಲ್ಲ. ಇಂಥ ಮಂಪರಿನ ಮದ್ದುಗಳು ಒಂದರ ಮೇಲೊಂದು ಸೇರಿದರೆ ರಾತ್ರಿ ಹೊತ್ತು ತಲೆ ಕದಡಿ, ಇದ್ದ ಊರೇ ಮರೆತುಹೋಗುತ್ತದೆ. ಕನ್ನಡಕ ಮತ್ತು ಕಿವಿಯ ಮಿಷನ್ ಅನ್ನು ಥಿಯೇಟರ್ ಬಾಗಿಲವರೆಗೂ ತರಿಸಿ, ಹೊರಗೆ ಬಂದ ಕೂಡಲೇ ಹಾಕಿಸುತ್ತೇನೆ.

ಮರುದಿನ ಬೆಳಗ್ಗೆ ವಾರ್ಡಿಗೆ ಹೋಗಿ ಕೇಳುವುದು ನನ್ನ ರೂಢಿ. ವಾಂತಿ ಆಯ್ತಾ, ಏನಾದರೂ ನೆನಪಿದೆಯಾ, ಎಷ್ಟೊತ್ತಿಗೆ ಎದ್ದು ಕೂತಿರಿ. ಪಿತ್ತಕೋಶದ ಆಪರೇಷನ್ ಆದ ಟೀಚರ್ ಒಬ್ಬರು ಹೊಟ್ಟೆ ಆರಾಮಿದೆ, ಆದರೆ ಭುಜ ಹಿಡಿದಿದೆ ಎಂದರು. ಅದು ಹೊಟ್ಟೆಗೆ ತುಂಬಿಸಿದ ಕಾರ್ಬನ್ ಡೈಆಕ್ಸೈಡ್‌ನ ಕೆಲಸ. ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆ ಕೆರಳಿದರೆ ನೋವು ಭುಜದಲ್ಲಿ ಕಾಣಿಸುತ್ತದೆ, ಗಾಯದ ಸುತ್ತ ಹಾಕಿದ ಬ್ಯುಪಿವಕೇನ್ ಅದನ್ನು ಮುಟ್ಟುವುದಿಲ್ಲ. ಈಗ ಸರ್ಜನ್ ಹತ್ತಿರ ಆದಷ್ಟು ಕಡಿಮೆ ಒತ್ತಡದಲ್ಲೇ ಕೆಲಸ ಮಾಡಿ ಎಂದು ಕೇಳಿಕೊಳ್ಳುತ್ತೇನೆ. ತೂತು ಮುಚ್ಚುವ ಮುಂಚೆ ಟೇಬಲ್‌ನ ತಲೆಭಾಗ ತಗ್ಗಿಸಿ, ನಾನೇ ಬ್ಯಾಗ್ ಒತ್ತಿ ನಾಲ್ಕೈದು ದೊಡ್ಡ ಉಸಿರು ಕೊಡುತ್ತೇನೆ. ಉಳಿದ ಗ್ಯಾಸ್ ಬಹುಮಟ್ಟಿಗೆ ಅಲ್ಲೇ ಹೊರಗೆ ಹೋಗುತ್ತದೆ.