ಬಾಣ ಏನು ಮಾಡುತ್ತೆ?

"ಒಂಬತ್ತನೇ ಸ್ಲೈಡ್‌ನಲ್ಲಿ ಒಂದು ಬಾಣ ಇದೆಯಲ್ಲ, ಅದು ಏನು ಮಾಡುತ್ತೆ?"

ಮೀಟಿಂಗ್‌ಗೆ ಬರಲಾಗದ ನಮ್ಮ ಮ್ಯಾನೇಜರ್ ಮರುದಿನ ಕಳಿಸಿದ ಮೆಸೇಜ್ ಇದು. 'ಎಲ್ಲ ಇದರಲ್ಲೇ ಇದೆ' ಅಂತ ಸ್ಲೈಡ್ ಫೈಲನ್ನು ನಾನೇ ಅವರಿಗೆ ಕಳಿಸಿದ್ದೆ. ಹಿಂದಿನ ದಿನ ಏಳು ಜನರ ಮುಂದೆ ನಲವತ್ತು ನಿಮಿಷ ಮಾತಾಡಿದ್ದೆ. ಎಲ್ಲರೂ ತಲೆಯಾಡಿಸಿದ್ದರು. ಒಪ್ಪಿಗೆಯೂ ಸಿಕ್ಕಿತ್ತು. ಈಗ ಈ ಪ್ರಶ್ನೆ ನೋಡಿ ಮೊದಲು ಸ್ವಲ್ಪ ಸಿಟ್ಟೇ ಬಂತು.

ವಿಷಯ ಇಷ್ಟೇ. ಗ್ರಾಹಕರ ದಾಖಲೆಗಳನ್ನು ಹಳೆಯ ಡೇಟಾಬೇಸ್‌ನಿಂದ ಹೊಸದಕ್ಕೆ ಸಾಗಿಸಬೇಕಿತ್ತು. ಸ್ಲೈಡ್‌ನಲ್ಲಿ ಎಡಗಡೆ ಒಂದು ಚೌಕ, ಬಲಗಡೆ ಒಂದು ಚೌಕ, ನಡುವೆ ನೀಲಿ ಬಾಣ. ಆ ನೀಲಿ ಬಣ್ಣ ಆರಿಸಲು ಕಾಲು ಗಂಟೆ ಕಳೆದಿದ್ದೆ. ಬಾಣ ಏನು ಮಾಡುತ್ತೆ ಅಂತ ಯೋಚಿಸಲು ಒಂದು ನಿಮಿಷವನ್ನೂ ಕೊಟ್ಟಿರಲಿಲ್ಲ.

ಸರಿ, ಉತ್ತರ ಬರೆಯೋಣ ಅಂತ ಕೂತೆ. "ದಾಖಲೆಗಳನ್ನು ವರ್ಗಾಯಿಸಲಾಗುವುದು" ಅಂತ ಬರೆದೆ. ಓದಿ ನೋಡಿದರೆ ಸುತ್ತೋಲೆ ಥರ ಇತ್ತು. ಯಾರು ವರ್ಗಾಯಿಸುತ್ತಾರೆ? ಯಾವಾಗ? ಸಾಗಿಸುತ್ತಿರುವಾಗಲೇ ಹೊಸ ದಾಖಲೆ ಬಂದರೆ ಅದು ಎಲ್ಲಿಗೆ ಹೋಗುತ್ತೆ? ಎರಡನೇ ವಾಕ್ಯ ಅರ್ಧಕ್ಕೆ ನಿಂತಿತು. ನಮ್ಮ ಆಫೀಸಿನ ಬರವಣಿಗೆಯೆಲ್ಲ ಇಂಗ್ಲಿಷ್‌ನಲ್ಲೇ. ಆದರೂ ಸಿಕ್ಕಿಹಾಕಿಕೊಂಡಾಗ ಕನ್ನಡದಲ್ಲಿ ಬರೆದು ನೋಡುವುದು ಆವತ್ತಿನಿಂದ ಅಭ್ಯಾಸವಾಯಿತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ ಅಲ್ವಾ, ಅಲ್ಲಿಗೆ ಬರುವಷ್ಟರಲ್ಲಿ 'ಮಾಡುತ್ತೇವೆ', 'ಮಾಡುತ್ತಾರೆ', 'ಮಾಡುತ್ತದೆ' ಇವುಗಳಲ್ಲಿ ಒಂದನ್ನು ಆರಿಸಲೇಬೇಕು. ತಪ್ಪಿಸಿಕೊಳ್ಳಲು ಇರುವ ಕಳ್ಳದಾರಿ ಅಂದರೆ ಈ 'ಲಾಗುವುದು'. ನಾನು ಎಲ್ಲೆಲ್ಲಿ 'ಲಾಗುವುದು' ಬರೆದಿದ್ದೆನೋ ಅಲ್ಲೆಲ್ಲ ನನಗೇ ಉತ್ತರ ಗೊತ್ತಿರಲಿಲ್ಲ.

ಮೀಟಿಂಗ್‌ನಲ್ಲಿದ್ದ ಮೂವರ ಹತ್ತಿರ ಹೋಗಿ ಕೇಳಿದೆ. ಸಪೋರ್ಟ್ ತಂಡದವರು, ಒಂದು ರಾತ್ರಿ ಸಿಸ್ಟಮ್ ಪೂರ್ತಿ ನಿಲ್ಲಿಸಿ ಸಾಗಿಸುತ್ತೀರಿ ಅಂದುಕೊಂಡಿದ್ದರು. ಕೋಡ್ ಬರೆಯುವವರು, ಒಂದು ವಾರ ಎರಡೂ ಒಟ್ಟಿಗೆ ನಡೆಯುತ್ತವೆ ಅಂದುಕೊಂಡಿದ್ದರು. ಮೂರನೆಯವರು, ಹಳೆಯ ದಾಖಲೆಗಳು ಇದ್ದಲ್ಲೇ ಇರುತ್ತವೆ, ಹೊಸದಾಗಿ ಬಂದವು ಮಾತ್ರ ಆ ಕಡೆ ಹೋಗುತ್ತವೆ ಅಂದುಕೊಂಡಿದ್ದರು. ಮೂವರೂ ಒಪ್ಪಿದ್ದು ಮೂರು ಬೇರೆ ಬೇರೆ ಯೋಜನೆಗಳಿಗೆ. ಬಾಣ ಮಾತ್ರ ಒಂದೇ.

ಆಮೇಲೆ ನಾಲ್ಕು ದಿನ ಕೂತು ಹನ್ನೆರಡು ಪುಟ ಬರೆದೆ. ಸ್ಲೈಡ್ ಮಾಡಲು ಒಂದು ಮಧ್ಯಾಹ್ನ ಸಾಕಾಗಿತ್ತು.

ಇದರ ಬಗ್ಗೆ ಬೇರೆಯವರು ಏನು ಮಾಡಿದ್ದಾರೆ ಅಂತ ಓದಲು ಶುರು ಮಾಡಿದ್ದೂ ಆಗಲೇ. ಅಮೆಜಾನ್‌ನಲ್ಲಿ 2004ರಲ್ಲಿ ಅದರ ಸ್ಥಾಪಕ ಜೆಫ್ ಬೆಜೋಸ್ ಹಿರಿಯ ಅಧಿಕಾರಿಗಳ ಮೀಟಿಂಗ್‌ಗಳಲ್ಲಿ ಪವರ್‌ಪಾಯಿಂಟ್ ಬೇಡ ಅಂದುಬಿಟ್ಟರು. ಅದರ ಜಾಗಕ್ಕೆ ಆರು ಪುಟಗಳ ಬರಹ ಬಂತು. ಮೀಟಿಂಗ್ ಶುರುವಾದ ಮೇಲೆ ಎಲ್ಲರೂ ಅಲ್ಲೇ ಕೂತು ಮೌನವಾಗಿ ಓದುತ್ತಾರೆ. ಇದು ಬಹಳ ಜನಕ್ಕೆ ಗೊತ್ತಿರುವ ಕಥೆ. ನನ್ನನ್ನು ಜಾಸ್ತಿ ತಟ್ಟಿದ್ದು ಇನ್ನೊಂದು. 2003ರ ಫೆಬ್ರವರಿ 1ರಂದು ನಾಸಾದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಭೂಮಿಗೆ ಮರಳುವಾಗ ಒಡೆದುಹೋಗಿ ಕಲ್ಪನಾ ಚಾವ್ಲಾ ಸೇರಿ ಏಳು ಜನ ಸತ್ತರಲ್ಲ, ಅದರ ತನಿಖಾ ವರದಿಯಲ್ಲಿ ಒಂದು ಸ್ಲೈಡ್‌ನ ವಿಚಾರವೇ ಬರುತ್ತದೆ. ಮೇಲೇರುವಾಗ ನೌಕೆಗೆ ಫೋಮ್ ತುಂಡು ಬಡಿದಿತ್ತು. ಅಪಾಯ ಎಷ್ಟು ಅಂತ ಎಂಜಿನಿಯರ್‌ಗಳು ಸ್ಲೈಡ್‌ನಲ್ಲಿ ತೋರಿಸಿದ್ದರು. ತಲೆಬರಹ ನೋಡಿದರೆ ಧೈರ್ಯ ಬರುವ ಹಾಗಿತ್ತು. ತೀರಾ ಕೆಳಗಿನ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ, ತುಂಡಿನ ಗಾತ್ರ 1920 ಘನ ಇಂಚು, ಪರೀಕ್ಷೆ ಮಾಡಿದ್ದು 3 ಘನ ಇಂಚಿನ ಚೂರಿನಿಂದ ಅಂತ ಇತ್ತು. 640 ಪಟ್ಟು ವ್ಯತ್ಯಾಸ! ತಾಂತ್ರಿಕ ಬರಹದ ಬದಲು ಎಲ್ಲದಕ್ಕೂ ಸ್ಲೈಡ್ ಬಳಸುವ ಚಾಳಿಯನ್ನು ತನಿಖಾ ಮಂಡಳಿ ನೇರವಾಗಿಯೇ ಟೀಕಿಸಿತು. ಅಪಘಾತಕ್ಕೆ ಸ್ಲೈಡೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಪೂರ್ತಿ ವಾಕ್ಯಗಳಲ್ಲಿ ಬರೆಯಲು ಕೂತವರು ಆ 640 ಪಟ್ಟಿನ ಮಾತನ್ನು ಕೊನೆಯ ಸಾಲಿಗೆ ಬಿಡುತ್ತಿದ್ದರಾ?

ನನ್ನ ಹನ್ನೆರಡು ಪುಟಕ್ಕೆ ಬರುತ್ತೇನೆ. ಮೀಟಿಂಗ್‌ಗೆ ಒಂದು ದಿನ ಮೊದಲೇ ಎಲ್ಲರಿಗೂ ಕಳಿಸಿದೆ. ಓದಿ ಬಂದವರು ಇಬ್ಬರು. ಉಳಿದವರು ಓದಿದ ಹಾಗೆ ನಟಿಸಿದರು. ನಾನೂ ಎಷ್ಟೋ ಸಲ ಹಾಗೆ ಮಾಡಿದ್ದೇನೆ, ಮುಖ ನೋಡಿದರೆ ಗೊತ್ತಾಗುತ್ತೆ. ಹೀಗಾಗಿ ಮುಂದಿನ ಸಲ ಅಲ್ಲೇ ಕೂತು ಓದುವ ಪದ್ಧತಿಯನ್ನು ಪ್ರಯತ್ನಿಸಿದೆ. ಬರಹವನ್ನು ಐದು ಪುಟಕ್ಕೆ ಇಳಿಸಿದ್ದೆ. ಮೊದಲ ಇಪ್ಪತ್ತು ನಿಮಿಷ ಯಾರೂ ಮಾತಾಡುವಂತಿಲ್ಲ ಅಂದೆ.

ಆ ಇಪ್ಪತ್ತು ನಿಮಿಷ ನನಗೆ ನರಕ. ಒಬ್ಬರು ಕೆಮ್ಮಿದರು. ಇನ್ನೊಬ್ಬರು ಮೇಜಿನ ಕೆಳಗೆ ಫೋನ್ ನೋಡುತ್ತಿದ್ದರು. ಯಾರಾದರೂ ಪುಟ ಹಿಂದಕ್ಕೆ ತಿರುಗಿಸಿದರೆ 'ಅಲ್ಲಿ ಏನೋ ಎಡವಟ್ಟು ಮಾಡಿದ್ದೇನೆ' ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಸ್ಲೈಡ್ ಆಗಿದ್ದರೆ ದನಿ ಏರಿಸಿ, ಒಂದು ಜೋಕ್ ಹೇಳಿ ಮುಂದಿನದಕ್ಕೆ ಹಾರಿಬಿಡುತ್ತಿದ್ದೆ. ಇಲ್ಲಿ ಸುಮ್ನೆ ಕೂರಬೇಕು.

ಓದಿ ಮುಗಿದಾಗ ನಮ್ಮ ಸಪೋರ್ಟ್ ತಂಡದ ಒಬ್ಬ ಹುಡುಗಿಯ ಪ್ರತಿಯ ಅಂಚಿನಲ್ಲಿ ಹನ್ನೊಂದು ಟಿಪ್ಪಣಿಗಳಿದ್ದವು. ಅವಳು ಅಲ್ಲಿಯವರೆಗೆ ಯಾವ ಮೀಟಿಂಗ್‌ನಲ್ಲೂ ಬಾಯಿ ಬಿಟ್ಟವಳಲ್ಲ. ಮೂರನೇ ಪುಟದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದಳು: "ರಾತ್ರಿ ಎರಡಕ್ಕೆ ಬಂದ ದಾಖಲೆ ಎರಡೂ ಕಡೆ ಸೇರಿಕೊಂಡರೆ ಗ್ರಾಹಕರಿಗೆ ಎರಡು ಬಿಲ್ ಹೋಗುತ್ತೆ. ಬೆಳಿಗ್ಗೆ ಫೋನ್ ಎತ್ತುವುದು ನಾವು." ಕೋಡ್ ಬರೆಯುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಳಿದ ಹೊತ್ತೆಲ್ಲ ಆ ಒಂದು ಟಿಪ್ಪಣಿಯ ಮೇಲೇ ಮಾತು. ಕೊನೆಗೆ ಪ್ರತಿ ದಾಖಲೆಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದು ಎರಡನೇ ಸಲ ಕಂಡರೆ ತಿರಸ್ಕರಿಸುವ ಹಾಗೆ ಮಾಡಿದೆವು.

ಹಾಗಂತ ಸ್ಲೈಡ್ ಬಿಟ್ಟುಬಿಟ್ಟೆ ಅಂದುಕೊಳ್ಳಬೇಡಿ. 1987ರಲ್ಲಿ ಪವರ್‌ಪಾಯಿಂಟ್ ಮೊದಲು ಮ್ಯಾಕಿಂಟಾಷ್‌ಗೆ ಬಂದಾಗ ಅದರ ಕೆಲಸ ಓವರ್‌ಹೆಡ್ ಪ್ರೊಜೆಕ್ಟರ್‌ನ ಹಾಳೆ ತಯಾರಿಸುವುದು. ಅಂದರೆ ಪಕ್ಕದಲ್ಲಿ ಮಾತಾಡುವವರು ಒಬ್ಬರು ನಿಂತಿರುತ್ತಾರೆ ಅಂತಲೇ ಲೆಕ್ಕ. ಆ ಮನುಷ್ಯನನ್ನು ತೆಗೆದು ಬರೀ ಹಾಳೆಯನ್ನು ಇಮೇಲ್‌ನಲ್ಲಿ ಕಳಿಸಿದ್ದು ನಮ್ಮ ತಪ್ಪು. ಗ್ರಾಫ್ ತೋರಿಸಬೇಕಾದಾಗ, ಹೊಸ ಸ್ಕ್ರೀನ್ ಹೇಗೆ ಕಾಣುತ್ತೆ ಅಂತ ಹೇಳಬೇಕಾದಾಗ, ನೂರು ಜನರಿಗೆ ಸುದ್ದಿ ಮುಟ್ಟಿಸಬೇಕಾದಾಗ ನಾನು ಈಗಲೂ ಸ್ಲೈಡನ್ನೇ ತೆಗೆಯುತ್ತೇನೆ. ತೀರ್ಮಾನ ಆಗಬೇಕಾದ ಕಡೆ ಮಾತ್ರ ಬರೆಯುತ್ತೇನೆ. ಅದರಲ್ಲೂ ಹಿಂದಕ್ಕೆ ತೆಗೆದುಕೊಳ್ಳಲು ಕಷ್ಟವಾದ ತೀರ್ಮಾನಗಳಿಗೆ. ಬಟನ್ ಎಲ್ಲಿರಬೇಕು ಅನ್ನುವುದಕ್ಕೆ ನಾಲ್ಕು ದಿನ ಬರೆಯುತ್ತಾ ಕೂತರೆ ಕೆಲಸ ಕೆಟ್ಟ ಹಾಗೇ.

ಬರಹಕ್ಕೂ ಅದರದೇ ರೋಗಗಳಿವೆ. ಚೆನ್ನಾಗಿ ಬರೆಯುವವರು ಗೆದ್ದುಬಿಡುತ್ತಾರೆ, ಮೊದಲು ಚೆನ್ನಾಗಿ ಮಾತಾಡುವವರು ಗೆಲ್ಲುತ್ತಿದ್ದ ಹಾಗೆ. ಯಾರಾದರೂ ತಕರಾರು ತೆಗೆದರೆ "ಅದು ಹದಿನಾಲ್ಕನೇ ಪುಟದಲ್ಲಿದೆ, ನೀವು ಓದಿಲ್ಲ" ಅಂತ ಬಾಯಿ ಮುಚ್ಚಿಸಿದವರನ್ನೂ ನೋಡಿದ್ದೇನೆ. ಈಗಂತೂ ಎರಡು ಸಾಲು ಕೊಟ್ಟರೆ ಎಐ ಹತ್ತು ಪುಟ ಬರೆದುಕೊಡುತ್ತೆ. ಓದಲು ಸೊಗಸಾಗಿರುತ್ತೆ. ಆದರೆ ಹಾಗೆ ತಂದವರನ್ನು ಬಾಣದ ಪ್ರಶ್ನೆ ಕೇಳಿದರೆ, ಆವತ್ತು ನಾನು ಕೂತಿದ್ದ ಹಾಗೇ ಕೂರುತ್ತಾರೆ.

ನಮ್ಮ ಮ್ಯಾನೇಜರ್ ಈಗ ಬೇರೆ ತಂಡಕ್ಕೆ ಹೋಗಿದ್ದಾರೆ. ಹೊಸಬರು ಒಳ್ಳೆಯವರೇ, ಆದರೆ ಓದುವ ಪೈಕಿ ಅಲ್ಲ. ಹೋದ ವಾರ ಐದು ಪುಟದ ಬರಹ ಅವರ ಕೈಗೆ ಕೊಟ್ಟೆ. ಎರಡು ಸಲ ಮಗುಚಿ ನೋಡಿ, ಮೇಜಿನ ಮೇಲಿಟ್ಟು, "ಹತ್ತು ನಿಮಿಷ ಇದೆ, ಬಾಯಲ್ಲೇ ಹೇಳಿಬಿಡಿ" ಅಂದರು. ಹೇಳಿದೆ. ನಡುವೆ ಒಂದು ಸಲವೂ ತಡವರಿಸಲಿಲ್ಲ. ಎಂಟೇ ನಿಮಿಷಕ್ಕೆ ಮುಗಿಯಿತು.