ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹೊರಗಿನ ಆಯಿಲ್ ಕೂಲರ್: ಬೆಂಗಳೂರಿನ ಟ್ರಾಫಿಕ್ಕಿಗೆ ತಕ್ಕ ಹಾಗೆ ಕೂರಿಸಿದ ಬಗೆ

ಸಂಜೆ ಏಳರ ಹೊತ್ತಿಗೆ ಸಿಲ್ಕ್ ಬೋರ್ಡ್‌ನಿಂದ ಮಾರತ್ತಹಳ್ಳಿವರೆಗೆ ಎ.ಸಿ. ಹಾಕಿಕೊಂಡು ತೆವಳಿದರೆ ನನ್ನ ಗಾಡಿಯ ಗೇರ್‌ಬಾಕ್ಸ್ ಆಯಿಲ್ 108 ಡಿಗ್ರಿ ಮುಟ್ಟುತ್ತಿತ್ತು. ಅದೇ ಗಾಡಿ ತುಮಕೂರು ರಸ್ತೆಯಲ್ಲಿ 90ರ ವೇಗದಲ್ಲಿ ಹೋಗುವಾಗ 84ರ ಆಸುಪಾಸು ನಿಲ್ಲುತ್ತಿತ್ತು. ಕೂಲರ್ ಎಷ್ಟು ದೊಡ್ಡದಿರಬೇಕು, ಎಲ್ಲಿ ಕೂರಬೇಕು ಎನ್ನುವುದನ್ನು ನಾನು ತೀರ್ಮಾನಿಸಿದ್ದು ಈ ಎರಡು ಅಂಕಿ ನೋಡಿಯೇ. ಗಾಡಿ 6 ಗೇರಿನ ಟಾರ್ಕ್ ಕನ್ವರ್ಟರ್ ಇರುವ ಡೀಸೆಲ್ ಎಸ್‌ಯುವಿ. ಕಂಪನಿಯೇ ಕೊಟ್ಟ ಆಯಿಲ್ ಕೂಲರ್ ರೇಡಿಯೇಟರಿನ ಕೆಳ ಟ್ಯಾಂಕಿನೊಳಗಿದೆ.

ಕನ್ವರ್ಟರ್ ಒಳಗೆ ಎಂಜಿನ್ ತಿರುಗಿಸುವ ಒಂದು ಚಕ್ರ, ಗೇರ್‌ಬಾಕ್ಸ್ ಕಡೆಯ ಇನ್ನೊಂದು ಚಕ್ರ, ನಡುವೆ ಬರೀ ಆಯಿಲ್. ಎರಡರ ವೇಗ ಬೇರೆಯಾದಷ್ಟೂ ಆಯಿಲ್ ಕಡೆದು ಕಾಯುತ್ತದೆ. ವೇಗ ಏರಿ ಲಾಕಪ್ ಕ್ಲಚ್ ಹಿಡಿದ ಮೇಲೆ ಎರಡೂ ಒಂದೇ ಆಗಿ ಆ ಶಾಖ ನಿಂತೇ ಹೋಗುತ್ತದೆ. ಔಟರ್ ರಿಂಗ್ ರೋಡಿನ ನಿಂತು ಹೊರಡುವ ಟ್ರಾಫಿಕ್ಕಿನಲ್ಲಿ ಲಾಕಪ್ ಆಗುವುದೇ ಅಪರೂಪ. ಹೆಚ್ಚು ಶಾಖ ಹುಟ್ಟುವ ಹೊತ್ತಿಗೇ ಗಾಡಿಯ ಮೂತಿಗೆ ಗಾಳಿ ಇಲ್ಲ. ಮುಂಭಾಗದಲ್ಲಿ ಎಲ್ಲಿ ಜಾಗವಿದೆಯೋ ಅಲ್ಲಿ ಒಂದು ದೊಡ್ಡ ಕೂಲರ್ ತೂಗುಹಾಕಿದರೆ ಹೆದ್ದಾರಿಯಲ್ಲಿ ಆಯಿಲ್ ಬೇಕಿಲ್ಲದಷ್ಟು ತಣ್ಣಗಾಗುತ್ತದೆ, ಟ್ರಾಫಿಕ್ಕಿನಲ್ಲಿ ಎಲ್ಲ ಮೊದಲಿನಂತೆಯೇ. ಜೊತೆಗೆ ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಗಾಳಿಯ ಸಾಂದ್ರತೆ ಹತ್ತರಲ್ಲೊಂದು ಪಾಲಿನಷ್ಟು ಕಡಿಮೆ; ಅದೇ ಫ್ಯಾನ್ ಅದೇ ವೇಗದಲ್ಲಿ ತಿರುಗಿದರೂ ಎಳೆಯುವ ಗಾಳಿಯ ತೂಕ ಅಷ್ಟು ಕಮ್ಮಿ.

ಕೂಲರ್ ಎಲ್ಲ ಆಟೋಮ್ಯಾಟಿಕ್ಕಿಗೂ ಅಲ್ಲ. ಎಎಂಟಿಯಲ್ಲಿರುವುದು ತಾನಾಗಿ ಗೇರ್ ಬದಲಿಸುವ ಮಾಮೂಲಿ ಗೇರ್‌ಬಾಕ್ಸ್ ಮತ್ತು ಒಣ ಕ್ಲಚ್. ಆಯಿಲ್ ತಣಿಸಿ ಏನೂ ಸಿಗದು. ಎರಡು ಒಣ ಕ್ಲಚ್ಚಿನ ಡಿಸಿಟಿಗಳದ್ದೂ ಅದೇ ಕಥೆ, ಅಲ್ಲಿ ಬಿಸಿಯಾಗುವುದು ಕ್ಲಚ್ ಪ್ಲೇಟ್. ಗೇರುಗಳ ಬದಲು ಬೆಲ್ಟಿನಲ್ಲಿ ನಡೆಯುವ ಸಿವಿಟಿಗಳಲ್ಲಿ ಎಷ್ಟೋ ಸಲ ಗೇರ್‌ಬಾಕ್ಸ್ ಮೈಮೇಲೇ ಚಿಕ್ಕ ಹೀಟ್ ಎಕ್ಸ್‌ಚೇಂಜರ್ ಬೋಲ್ಟ್ ಆಗಿರುತ್ತದೆ; ಅದಕ್ಕೆ ಬೇರೆ ಅಡಾಪ್ಟರ್ ಬೇಕು, ಇಲ್ಲಿ ಬರೆದ ವಿಧಾನ ಹಾಗೆಯೇ ಹೊಂದುವುದಿಲ್ಲ. ವಾರಂಟಿ ಇನ್ನೂ ಇರುವ ಗಾಡಿಗೆ ಕೈ ಹಾಕಬೇಡಿ. ಮುಂದೆ ಗೇರ್‌ಬಾಕ್ಸಿಗೆ ಏನಾದರೂ ಸರ್ವಿಸ್ ಸೆಂಟರಿನವರು ಮೊದಲು ತೋರಿಸುವುದು ಈ ಪೈಪನ್ನೇ.

ಸಾಮಾನು ಕೊಳ್ಳುವ ಮೊದಲು ಅಳೆಯಬೇಕು. ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಓದುವ ಒಂದು ಬ್ಲೂಟೂತ್ ಓಬಿಡಿ ಅಡಾಪ್ಟರ್, ಗೇರ್‌ಬಾಕ್ಸ್ ಉಷ್ಣ ತೋರಿಸಬಲ್ಲ ಒಂದು ಮೊಬೈಲ್ ಆಪ್ ಸಾಕು. ಎಂಜಿನ್ ಕೂಲಂಟ್ ಉಷ್ಣವನ್ನೇ ಗೇರ್‌ಬಾಕ್ಸಿನದೆಂದು ಓದಿಕೊಳ್ಳದಂತೆ ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. 80ರಿಂದ 95 ಆರೋಗ್ಯದ ಲೆಕ್ಕ. ಘಾಟಿ ಏರುವಾಗ ಹತ್ತು ನಿಮಿಷ 105 ಆದರೆ ಗಾಬರಿ ಬೇಕಿಲ್ಲ. ದಿನಾ 110ರ ಮೇಲೆ ಕೂತರೆ ಆಯಿಲ್ ಬೇಗ ಕಪ್ಪಾಗುತ್ತದೆ, ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ. ಪ್ರತಿ 10 ಡಿಗ್ರಿಗೆ ಆಯಿಲಿನ ಬಾಳಿಕೆ ಅರ್ಧವಾಗುತ್ತದೆಂಬ ಹಳೆಯ ಅಂದಾಜು ಲೆಕ್ಕ ಈಗಲೂ ಉಪಯೋಗಕ್ಕೆ ಬರುತ್ತದೆ.

ಅಳತೆ ಆದಮೇಲೆ ಬಂಪರ್ ಬಿಚ್ಚಿ ಕಂಡೆನ್ಸರ್ (ರೇಡಿಯೇಟರಿನ ಮುಂದಿರುವ ಎ.ಸಿ.ಯ ಜಾಲರಿ) ಮತ್ತು ರೇಡಿಯೇಟರ್ ನಡುವೆ ಟಾರ್ಚ್ ಬಿಟ್ಟು ನೋಡಿ. ನಮ್ಮ ಧೂಳು, ಮರದ ಹೂವು, ಮಳೆನೀರಿನ ಕೆಸರು ಸೇರಿ ಅಲ್ಲಿ ಒಂದು ಕಂಬಳಿಯೇ ಆಗಿರುತ್ತದೆ. ಎಂಜಿನ್ ಕಡೆಯಿಂದ ಮುಂದಕ್ಕೆ, ಮಾಮೂಲಿ ತೋಟದ ಪೈಪಿನಲ್ಲಿ ನೀರು ಬಿಟ್ಟು ತೊಳೆದೆ. ಪ್ರೆಶರ್ ವಾಶ್ ಹತ್ತಿರ ಹಿಡಿದರೆ ಗಾಳಿ ಹಾಯುವ ತೆಳು ಲೋಹದ ಎಸಳುಗಳು ಮಲಗಿಬಿಡುತ್ತವೆ. ತೊಳೆದದ್ದಕ್ಕೇ 108 ಇದ್ದದ್ದು 104ಕ್ಕೆ ಬಂತು. ಕೆಲವು ಗಾಡಿಗಳಿಗೆ ಇಷ್ಟೇ ಸಾಕಾಗಬಹುದು. ಫ್ಯಾನ್ ಎರಡೂ ವೇಗದಲ್ಲಿ ತಿರುಗುತ್ತಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ.

ಕೂಲರ್ ಕೊಂಡದ್ದು ಸ್ಟ್ಯಾಕ್ಡ್ ಪ್ಲೇಟ್ (ಟೊಳ್ಳು ತಗಡುಗಳನ್ನು ಒಂದರ ಮೇಲೊಂದು ಪೇರಿಸಿದ) ಬಗೆಯದು: 28 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರ, 19 ಮಿ.ಮೀ. ದಪ್ಪ. ಸುರುಳಿ ಪೈಪಿಗೆ ಎಸಳು ಅಂಟಿಸಿದ ಹಳೆಯ ಬಗೆ ಅಗ್ಗ, ಆದರೆ ಅಷ್ಟೇ ಕೆಲಸಕ್ಕೆ ಒಂದೂವರೆ ಪಟ್ಟು ಜಾಗ ಕೇಳುತ್ತದೆ. ಅಮೆರಿಕದ ಡಬ್ಬಿಗಳ ಮೇಲೆ ಪೌಂಡ್ ಲೆಕ್ಕದಲ್ಲಿ ಬರೆದಿರುವ ಸಾಮರ್ಥ್ಯ ಟ್ರೇಲರ್ ಎಳೆಯುವವರಿಗಾಗಿ. ಅದನ್ನು ನೋಡಿ ಎಲ್ಲಕ್ಕಿಂತ ದೊಡ್ಡದನ್ನು ತರುವುದು ದಂಡ: ಡಿಸೆಂಬರಿನ ಬೆಳಗಿನ ಜಾವ ಮೈಸೂರು ಹೆದ್ದಾರಿ ಹಿಡಿದರೆ ಆಯಿಲ್ 60ರ ಹತ್ತಿರವೇ ನಿಂತುಬಿಡಬಹುದು. ಅಷ್ಟು ತಣ್ಣಗಿದ್ದರೆ ಕಂಪ್ಯೂಟರ್ ಲಾಕಪ್ ತಡಮಾಡುತ್ತದೆ, ಮೈಲೇಜ್ ಬೀಳುತ್ತದೆ. ಇದನ್ನು ತಪ್ಪಿಸಲೆಂದೇ 80 ಡಿಗ್ರಿಯಲ್ಲಿ ತೆರೆಯುವ, ಅಲ್ಲಿಯವರೆಗೆ ಆಯಿಲನ್ನು ಕೂಲರಿಗೆ ಬಿಡದೆ ಹಾಗೇ ಮರಳಿಸುವ ನಾಲ್ಕು ಬಾಯಿಯ ಥರ್ಮೋಸ್ಟ್ಯಾಟ್ ಹಾಕಿದೆ.

ಹೋಸ್ ವಿಷಯದಲ್ಲಿ ಮಾತ್ರ ಹಟ ಹಿಡಿಯಬೇಕು. ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆಯಲ್ಲಿ ಗೇರ್‌ಬಾಕ್ಸ್ ಆಯಿಲ್ ಹೋಸ್ ಕೇಳಿದರೆ ಡೀಸೆಲ್ ಹೋಸ್ ಕೈಗಿಟ್ಟು “ಇದೇ ಆಗುತ್ತೆ ಸಾರ್, ಎಲ್ಲರೂ ಇದೇ ಹಾಕ್ಸೋದು” ಎನ್ನುವವರಿದ್ದಾರೆ. ಹಾಕಿದ ದಿನ ಆಗುತ್ತದೆ. ಬಿಡದೆ 100 ಡಿಗ್ರಿಯ ಆಯಿಲ್ ಹರಿದರೆ ಅದು ಗಟ್ಟಿಯಾಗಿ ಕ್ಲಿಪ್ಪಿನ ಬುಡದಲ್ಲಿ ಬಿರುಕು ಬಿಡುತ್ತದೆ. ಹೋಸಿನ ಮೈಮೇಲೆ ‘ಎಸ್‌ಎಇ ಜೆ1532’ ಎಂದು ಅಚ್ಚಾಗಿರಬೇಕು. ಅದು ಇದೇ ಕೆಲಸಕ್ಕೆ ಮಾಡಿದ್ದು. ಒಳ ಅಳತೆ 3/8 ಇಂಚು, ನನಗೆ ಬೇಕಾದದ್ದು 2.4 ಮೀಟರ್. ಸಿಗದಿದ್ದರೆ ಪೀಣ್ಯದ ಕಡೆ ಹೈಡ್ರಾಲಿಕ್ ಹೋಸಿಗೆ ತುದಿಗೆ ಲೋಹದ ಫಿಟ್ಟಿಂಗ್ ಒತ್ತಿ ಕೂರಿಸುವ ಕ್ರಿಂಪ್ ಹಾಕಿಕೊಡುವ ಅಂಗಡಿಗಳಿವೆ. ಅಳತೆ, ತುದಿಯ ಥ್ರೆಡ್, ಆಯಿಲಿನ ಉಷ್ಣ ಮೂರನ್ನೂ ಹೇಳಿ ಮಾಡಿಸಬಹುದು. ಕ್ಲಿಪ್ಪುಗಳು ಪಟ್ಟಿಯಲ್ಲಿ ಸೀಳಿಲ್ಲದ, ಒಳಮೈ ನುಣುಪಾದ ಫ್ಯೂಯಲ್ ಇಂಜೆಕ್ಷನ್ ಬಗೆಯವೇ ಆಗಬೇಕು. ಸೀಳಿರುವ ಸಾದಾ ಕ್ಲಿಪ್ ಬಿಗಿಮಾಡಿದಷ್ಟೂ ರಬ್ಬರನ್ನು ಕೊರೆಯುತ್ತದೆ.

ಈಗ ಜಾಗ. ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಿ, ಕಂಡೆನ್ಸರಿನ ಮುಂದೆ ಒಂದು ಎ4 ಹಾಳೆಯನ್ನು ನಿಧಾನವಾಗಿ ಸರಿಸುತ್ತಾ ಹೋಗಿ. ಎಲ್ಲಿ ಹಾಳೆ ತಾನಾಗಿ ಅಂಟಿ ನಿಲ್ಲುತ್ತದೋ ಅಲ್ಲಿ ಫ್ಯಾನ್ ಎಳೆಯುತ್ತಿದೆ. ಮೂಲೆಗಳಲ್ಲಿ ಜಾರಿಬೀಳುತ್ತದೆ, ಬೋಲ್ಟ್ ಹಾಕಲು ಸುಲಭವಾದ ಜಾಗಗಳೂ ಅವೇ, ಗ್ಯಾರೇಜಿನಲ್ಲಿ ಕೂಲರ್ ತೂಗುವುದೂ ಅಲ್ಲೇ. ನನ್ನ ಗಾಡಿಯಲ್ಲಿ ಬಲಗಡೆ ಫ್ಯಾನಿನ ಎದುರು, ಬಂಪರ್ ಬೀಮಿಗಿಂತ ಮೇಲೆ ಹಾಳೆ ಚೆನ್ನಾಗಿ ಅಂಟಿತು. ಎ.ಸಿ. ಹಾಕಿದಾಗೆಲ್ಲ ಆ ಫ್ಯಾನ್ ತಿರುಗುವುದರಿಂದ ಕೂಲರಿಗೆಂದೇ ಇನ್ನೊಂದು ಫ್ಯಾನ್, ರಿಲೇ, ವೈರಿಂಗ್ ಯಾವುದೂ ಬೇಕಾಗಲಿಲ್ಲ. ಕಂಡೆನ್ಸರಿನ ಒಂದಷ್ಟು ಭಾಗಕ್ಕೆ ಈಗ ಬಿಸಿಗಾಳಿ ಹೋಗುತ್ತದೆ, ನಿಜ. ಈ ಅಳತೆಯ ಕೂಲರಿನಿಂದ ಎ.ಸಿ. ತಂಪಿನಲ್ಲಿ ಗೊತ್ತಾಗುವಷ್ಟು ವ್ಯತ್ಯಾಸ ಬರಲಿಲ್ಲ. ಇದರ ಎರಡರಷ್ಟು ದೊಡ್ಡದಾಗಿದ್ದರೆ ಏಪ್ರಿಲ್‌ನಲ್ಲಿ ಹಿಂದಿನ ಸೀಟಿನವರು ಮೊದಲು ಹೇಳುತ್ತಿದ್ದರು.

ಕಿಟ್ ಜೊತೆ ಎಸಳುಗಳ ನಡುವೆ ತೂರಿಸಿ ಕಟ್ಟುವ ಪ್ಲಾಸ್ಟಿಕ್ ಕಡ್ಡಿಗಳು ಬರುತ್ತವೆ. ಹತ್ತು ನಿಮಿಷದ ಕೆಲಸ ಎಂದು ಆಸೆಯಾಗುತ್ತದೆ, ಬೇಡ. ನಮ್ಮ ಹಂಪು, ಗುಂಡಿಗಳ ಅದುರಿಗೆ ಆ ಕಡ್ಡಿ ಕಂಡೆನ್ಸರಿನ ಕೊಳವೆಯನ್ನೇ ಉಜ್ಜಿ ತೂತು ಮಾಡುತ್ತದೆ, ಆಮೇಲೆ ಗ್ಯಾಸೂ ಹೋಯಿತು ಕಂಡೆನ್ಸರೂ ಹೋಯಿತು. 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಅಲ್ಯುಮಿನಿಯಂ ಪಟ್ಟಿ ಎರಡನ್ನು ಮೇಲಿನ ರೇಡಿಯೇಟರ್ ಸಪೋರ್ಟಿನಿಂದ ಕೆಳಗಿನ ಬೀಮಿನವರೆಗೆ ನಿಲ್ಲಿಸಿ, ಕೂಲರನ್ನು ನಾಲ್ಕು ಎಂ6 ಬೋಲ್ಟುಗಳಿಂದ ರಬ್ಬರ್ ಗ್ರಾಮೆಟ್ (ಬಳೆ) ನಡುವೆ ಇಟ್ಟು ಕಟ್ಟಿದೆ. ಕಂಡೆನ್ಸರಿಗೂ ಕೂಲರಿಗೂ 12 ಮಿ.ಮೀ. ಅಂತರ. ಬಾಯಿ ಎರಡೂ ಮೇಲ್ಮುಖ. ಕೆಳಮುಖವಾಗಿಟ್ಟರೆ ಮೇಲುಗಡೆ ಗಾಳಿ ಸಿಕ್ಕಿಕೊಂಡು ಅರ್ಧ ಕೂಲರ್ ಸುಮ್ಮನೆ ಕೂರುತ್ತದೆ. ಬಾನೆಟ್ ಲಾಕ್, ಹಾರ್ನ್, ಏರ್‌ಬ್ಯಾಗಿನ ಮುಂದಿನ ಸೆನ್ಸರ್ ಇವಕ್ಕೆ ಯಾವುದೂ ತಾಕಬಾರದು.

ಆಯಿಲ್ ಹೋಗಬೇಕಾದ ಕ್ರಮ: ಗೇರ್‌ಬಾಕ್ಸ್, ರೇಡಿಯೇಟರಿನೊಳಗಿನ ಕೂಲರ್, ಥರ್ಮೋಸ್ಟ್ಯಾಟ್, ಹೊಸ ಕೂಲರ್, ಮತ್ತೆ ಥರ್ಮೋಸ್ಟ್ಯಾಟ್, ಮರಳಿ ಗೇರ್‌ಬಾಕ್ಸ್. ಅಂದರೆ ಮರಳುವ ಪೈಪನ್ನು ಕತ್ತರಿಸಬೇಕು. ತಿರುಗುಮುರುಗಾದರೆ ಹೊಸ ಕೂಲರ್ ತಣಿಸಿದ ಆಯಿಲನ್ನು ರೇಡಿಯೇಟರ್ ಮತ್ತೆ ಕೂಲಂಟಿನ ಬಿಸಿಗೆ ತರುತ್ತದೆ. ಯಾವ ಪೈಪ್ ಯಾವುದೆಂದು ಕಂಡುಹಿಡಿಯಲು ರಾತ್ರಿಯಿಡೀ ನಿಂತ ಗಾಡಿಯ ಎರಡೂ ಪೈಪಿಗೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ, ಎಂಜಿನ್ ಚಾಲೂ ಮಾಡಿ ಐಆರ್ (ಮುಟ್ಟದೆ ಅಳೆಯುವ) ಥರ್ಮಾಮೀಟರಿನಲ್ಲಿ ನೋಡಿ. ಮೊದಲು ಬಿಸಿಯಾಗುವುದು ಹೋಗುವ ಪೈಪ್. ಟೇಪ್ ಇಲ್ಲದೆ ಹೊಳೆಯುವ ಲೋಹಕ್ಕೆ ಹಿಡಿದರೆ ಅದು ತೋರಿಸುವ ಅಂಕಿ ಸುಳ್ಳು. ಆಮೇಲೆ ಖಾತ್ರಿಗೆ, ಮರಳುವ ಹೋಸನ್ನು ರೇಡಿಯೇಟರಿನಿಂದ ಕಳಚಿ, ಎರಡೂ ತುದಿಗೆ ಒಂದೊಂದು ಬಾಟಲಿ ಹಿಡಿದು 3 ಸೆಕೆಂಡು ಮಾತ್ರ ಎಂಜಿನ್ ಚಾಲೂ ಮಾಡಿಸಿ. ಆಯಿಲ್ ರೇಡಿಯೇಟರಿನ ಮೂತಿಯಿಂದ ಬಂದರೆ ಸರಿ. ಹೋಸಿನಿಂದ ಬಂದರೆ ನೀವು ಬಿಚ್ಚಿದ್ದು ಹೋಗುವ ಪೈಪ್. ಬಾಟಲಿಗೆ ಬಿದ್ದ ಆಯಿಲನ್ನು ಚೆಲ್ಲಬೇಡಿ, ಅಳತೆ ಬರೆದಿಟ್ಟುಕೊಳ್ಳಿ. ಅದು ಗುಲಾಬಿ ಬಣ್ಣದ ಹಾಲಿನಂತೆ ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಬೇಕು: ರೇಡಿಯೇಟರಿನ ಒಳಗೆ ಕೂಲಂಟ್ ಆಯಿಲಿಗೆ ಸೇರುತ್ತಿದೆ. ಕೂಲಂಟ್ ಕ್ಲಚ್ ಪ್ಲೇಟುಗಳ ಅಂಟನ್ನೇ ಬಿಡಿಸುತ್ತದೆ. ಮೊದಲು ರೇಡಿಯೇಟರ್ ಬದಲಾಗಬೇಕು, ಗೇರ್‌ಬಾಕ್ಸ್ ಪರೀಕ್ಷೆಯಾಗಬೇಕು.

ಮೂತಿಗೆ ಅಂಟಿಕೊಂಡ ಹಳೆಯ ಹೋಸನ್ನು ತಿರುಚಿ ಎಳೆಯಬೇಡಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ. ನಟ್ ಇರುವ ಬಗೆಯಾದರೆ ಒಂದು ಸ್ಪ್ಯಾನರ್ ರೇಡಿಯೇಟರ್ ಕಡೆಯ ಫಿಟ್ಟಿಂಗಿಗೆ, ಇನ್ನೊಂದು ನಟ್ಟಿಗೆ. ಒಂದರಲ್ಲೇ ತಿರುಗಿಸಿದರೆ ಒಳಗಿನ ಕೂಲರ್ ತಿರುಚಿ ಸೀಳುತ್ತದೆ. ಲೋಹದ ಪೈಪನ್ನು ಕತ್ತರಿಸಲು ಟ್ಯೂಬ್ ಕಟರ್ ಬಳಸಿದೆ. ಹ್ಯಾಕ್ಸಾ ಬ್ಲೇಡಿನ ಪುಡಿ ಒಳಗೆ ಹೋದರೆ ಆಯಿಲಿನ ದಾರಿ ಹಂಚುವ ವಾಲ್ವ್ ಬಾಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕತ್ತರಿಸಿದ ನುಣುಪು ತುದಿಗೆ ಹೋಸ್ ತೂರಿಸಿ ಕ್ಲಿಪ್ ಹಾಕುವುದು ಎಲ್ಲರೂ ಮಾಡುವ ತಪ್ಪು. ಆಯಿಲ್ ತಣ್ಣಗಿರುವಾಗ ಒತ್ತಡ ಹೆಚ್ಚಿ ಒಂದು ದಿನ ಹೋಸ್ ಜಾರುತ್ತದೆ, ಒಂದೆರಡು ನಿಮಿಷದಲ್ಲಿ ಗೇರ್‌ಬಾಕ್ಸ್ ಖಾಲಿ. ಪೈಪಿನ ತುದಿ ಅಗಲಿಸುವ ಫ್ಲೇರಿಂಗ್ ಟೂಲಿನಲ್ಲಿ, ಎರಡು ಹಂತದ ಡಬಲ್ ಫ್ಲೇರಿನ ಮೊದಲ ಅರ್ಧ ಮಾತ್ರ ಒತ್ತಿದರೆ ತುದಿಯಲ್ಲಿ ಉಬ್ಬು ಬರುತ್ತದೆ. ಹೋಸನ್ನು ಅದರಾಚೆ 25 ಮಿ.ಮೀ. ತೂರಿಸಿ, ಕ್ಲಿಪ್ಪನ್ನು ಉಬ್ಬಿನ ಹಿಂದೆ ಬಿಗಿಮಾಡಿದೆ. ಫ್ಲೇರ್ ಜೋಡಣೆಗೆ ಟೆಫ್ಲಾನ್ ಟೇಪ್ ಸುತ್ತುವಂತಿಲ್ಲ. ಅಲ್ಲಿ ಸೀಲ್ ಮಾಡುವುದು ಲೋಹದ ಮುಖ. ಟೇಪಿನ ಚೂರು ಕಿತ್ತು ಸೊಲೆನಾಯ್ಡ್ (ವಿದ್ಯುತ್ತಿನ ವಾಲ್ವ್) ಸೇರುವುದೊಂದೇ ಅದರಿಂದ ಆಗುವ ಕೆಲಸ. ಹೋಸಿನ ತಿರುವಿನ ತ್ರಿಜ್ಯ 10 ಸೆಂ.ಮೀ.ಗಿಂತ ಕಿರಿದಾಗದಂತೆ ನೋಡಿ, ಶೀಟ್ ದಾಟುವ ಕಡೆ ಗ್ರಾಮೆಟ್, ಉಜ್ಜುವ ಕಡೆ ಸ್ಪೈರಲ್ ಸುತ್ತು.

ಆಯಿಲಿನ ಲೆಕ್ಕ ಸುಲಭ. 3/8 ಇಂಚಿನ ಹೋಸ್ ಮೀಟರಿಗೆ ಸುಮಾರು 71 ಮಿಲಿ ಹಿಡಿಯುತ್ತದೆ, 2.4 ಮೀಟರಿಗೆ 170. ಕೂಲರಿಗೆ ಹೊಸ ಆಯಿಲ್ ಸುರಿದು ಅಳೆದಾಗ 320 ಹಿಡಿಯಿತು. ಒಟ್ಟು ಅರ್ಧ ಲೀಟರು, ಜೊತೆಗೆ ಬಾಟಲಿಗೆ ಹೋದದ್ದು. ಗಾಡಿಯ ಪುಸ್ತಕ ಹೇಳಿದ ಆಯಿಲೇ ಆಗಬೇಕು. ‘ಎಲ್ಲದಕ್ಕೂ ನಡೆಯುತ್ತದೆ’ ಎನ್ನುವ ಡಬ್ಬಿ ಬೇಡ, ಸಿವಿಟಿ ಆಯಿಲಂತೂ ಬೇಡವೇ ಬೇಡ.

ಈ ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ ಇಲ್ಲ, ಅಡಿಯಲ್ಲಿ ಓವರ್‌ಫ್ಲೋ ಪ್ಲಗ್ ಇದೆ; ಮಟ್ಟ ಮೀರಿದ ಆಯಿಲ್ ಅದರಿಂದ ಹೊರಬೀಳುತ್ತದೆ. ಗಾಡಿ ನಾಲ್ಕೂ ಸ್ಟ್ಯಾಂಡಿನ ಮೇಲೆ ಸಮವಾಗಿರಬೇಕು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ನೆಲ ಸಮವಾಗಿದೆಯೆಂದು ನಂಬಬೇಡಿ, ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. ಗಾರೆಯವರ ರಸಮಟ್ಟ ಇಟ್ಟು ನೋಡಿದೆ. ಎಂಜಿನ್ ಚಾಲೂ ಇಟ್ಟು, ಬ್ರೇಕ್ ಒತ್ತಿ, ಪ್ರತಿ ಗೇರಿಗೂ ಕೆಲವು ಸೆಕೆಂಡು ಹಾಕಿ ಮತ್ತೆ ಪಾರ್ಕಿಗೆ ತಂದು, ಆಯಿಲ್ ಪುಸ್ತಕ ಹೇಳುವ ಉಷ್ಣದಲ್ಲಿರುವಾಗ (ನನ್ನದಕ್ಕೆ 35ರಿಂದ 45) ಪ್ಲಗ್ ಬಿಚ್ಚಿದರೆ ಸಣ್ಣ ಎಳೆಯಾಗಿ ತೊಟ್ಟಿಕ್ಕಬೇಕು.

ಇಲ್ಲೇ ಥರ್ಮೋಸ್ಟ್ಯಾಟ್ ಮೋಸ ಮಾಡುವುದು. 40 ಡಿಗ್ರಿಯಲ್ಲಿ ಅದು ಮುಚ್ಚಿರುತ್ತದೆ, ಕೂಲರ್ ಪೂರ್ತಿ ತುಂಬಿರುವುದಿಲ್ಲ. ಮಟ್ಟ ಸರಿಯಿದೆ ಎಂದು ಪ್ಲಗ್ ಹಾಕಿ ರಸ್ತೆಗಿಳಿದರೆ 80 ದಾಟಿದ ಕೂಡಲೇ ಕೂಲರ್ ಮುನ್ನೂರು ಮಿಲಿ ಕುಡಿದುಬಿಡುತ್ತದೆ, ಗೇರ್ ಜಾರತೊಡಗುತ್ತದೆ. ಆದ್ದರಿಂದ ಕೂಲರನ್ನು ಮೊದಲೇ ತುಂಬಿಸಿ ಜೋಡಿಸಿದೆ. ಆಮೇಲೆ ಬಡಾವಣೆಯೊಳಗೇ ಸುತ್ತಿ 85 ದಾಟಿಸಿ, ಕೂಲರಿನ ಎರಡೂ ಬಾಯಿ ಬಿಸಿಯಾದದ್ದನ್ನು ಖಚಿತಪಡಿಸಿಕೊಂಡು, ತಣಿಯಲು ಬಿಟ್ಟು ಮರುದಿನ ಬೆಳಿಗ್ಗೆ ಮತ್ತೊಮ್ಮೆ ಮಟ್ಟ ನೋಡಿದೆ. ಎರಡನೇ ಸಲ 90 ಮಿಲಿ ಹಿಡಿಯಿತು. ಕ್ಲಿಪ್ಪುಗಳೂ ಮೊದಲ ಬಿಸಿಯ ನಂತರ ಅರ್ಧ ಸುತ್ತು ತಿರುಗಿದವು.

ಅದೇ ಸಿಲ್ಕ್ ಬೋರ್ಡ್ ಹಾದಿ, ಅದೇ ಹೊತ್ತು: ಈಗ 95, 96. ನಂದಿ ಬೆಟ್ಟದ ತಿರುವುಗಳನ್ನು ಎರಡನೇ ಗೇರಿನಲ್ಲಿ ಏರಿದಾಗ 101. ಮೊದಲು 115 ಕಂಡಿದ್ದೆ. ಹೆದ್ದಾರಿಯಲ್ಲಿ 81, 82, ಅಲ್ಲಿ ಥರ್ಮೋಸ್ಟ್ಯಾಟ್ ಹಿಡಿದಿಡುತ್ತದೆ.

ಒಂದು ವಾರ ಗಾಡಿಯ ಮೂತಿಯಡಿ ರಟ್ಟು ಹಾಸಿಟ್ಟು ಬೆಳಿಗ್ಗೆ ಕೆಂಪು ಕಲೆ ಇದೆಯೇ ನೋಡಿದೆ. 1,000 ಕಿ.ಮೀ. ಆದಮೇಲೆ ಒಮ್ಮೆ ಕ್ಲಿಪ್, ಬ್ರಾಕೆಟ್ ಬೋಲ್ಟ್ ಪರೀಕ್ಷೆ, ಆಮೇಲೆ ಪ್ರತಿ ಸರ್ವಿಸಿಗೆ. ವಾಟರ್ ವಾಶಿಗೆ ಬಿಡುವಾಗ ಗ್ರಿಲ್ ಒಳಗೆ ಗನ್ ಹಿಡಿಯಬೇಡಿ ಎಂದು ಹುಡುಗರಿಗೆ ಮೊದಲೇ ಹೇಳಬೇಕು, ಕೂಲರಿನ ಎಸಳೂ ಮಲಗಿಬಿಡುತ್ತದೆ. ಉಳಿದ ಹಳೆಯ ಆಯಿಲನ್ನು ಗ್ಯಾರೇಜಿನ ವೇಸ್ಟ್ ಆಯಿಲ್ ಡ್ರಮ್ಮಿಗೆ ಕೊಟ್ಟೆ. ಮೋರಿಗೆ ಸುರಿದರೆ ಅದು ರಾಜಕಾಲುವೆ ಹಿಡಿದು ನೇರ ಕೆರೆಗೆ ಹೋಗುತ್ತದೆ.