ಎದ್ದದ್ದು ಯಾಕೆ ಎಂದು ಬರೆದಿಟ್ಟೆ: ಮನೆಯಲ್ಲೇ ಕಚೇರಿ ಮಾಡಿಕೊಂಡ ನನ್ನ ಅನುಭವ

ಮನೆಯಿಂದ ಕೆಲಸ ಶುರುಮಾಡಿದ ಮೊದಲ ಏಳೆಂಟು ತಿಂಗಳು ಊಟದ ಮೇಜಿನ ಒಂದು ತುದಿಯೇ ನನ್ನ ಕಚೇರಿ. ಬೆಳಿಗ್ಗೆ ಲ್ಯಾಪ್‌ಟಾಪ್ ತಂದಿಡುವುದು, ಊಟದ ಹೊತ್ತಿಗೆ ಎತ್ತುವುದು, ಮತ್ತೆ ತಂದಿಡುವುದು. ಸಾಫ್ಟ್‌ವೇರ್‌ಗಳಿಗೆ ಬಳಕೆಯ ಕೈಪಿಡಿ ಬರೆಯುವುದು ನನ್ನ ಕೆಲಸ. ದಿನವಿಡೀ ಓದು, ಬರಹ, ನಡುವೆ ಮೂರ್ನಾಲ್ಕು ಮೀಟಿಂಗು. ಇದಕ್ಕೆ ಒಂದು ಮೇಜು, ಒಂದು ಕುರ್ಚಿ ಸಾಕಲ್ಲವೇ ಎಂದುಕೊಂಡಿದ್ದೆ. ಎರಡನೇ ತಿಂಗಳಿಗೆ ಕುತ್ತಿಗೆಯ ಬುಡದಲ್ಲಿ ನೋವು ಕಾಣಿಸಿಕೊಂಡಿತು. ನಾಲ್ಕನೇ ತಿಂಗಳಿಗೆ ಬಲಗೈ ಮಣಿಕಟ್ಟು ಜೋಮು ಹಿಡಿಯತೊಡಗಿತು. ಸಂಜೆಯ ಹೊತ್ತಿಗೆ ಕೆಲಸ ಅರ್ಧವೂ ಮುಗಿದಿರುತ್ತಿರಲಿಲ್ಲ, ದಣಿವು ಮಾತ್ರ ಪೂರ್ತಿ ಆಗಿರುತ್ತಿತ್ತು.

ಒಳ್ಳೆಯ ಕುರ್ಚಿಯೊಂದನ್ನು ತೆಗೆದುಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಮೊದಲು ಅನ್ನಿಸಿತ್ತು. ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿದೆ. ಪಕ್ಕದಲ್ಲಿ ಚಿಕ್ಕ ನೋಟ್‌ಬುಕ್ ಇಟ್ಟುಕೊಂಡು, ಜಾಗ ಬಿಟ್ಟು ಎದ್ದಾಗಲೆಲ್ಲ, ಕೂತಲ್ಲೇ ಕೆಲಸ ನಿಂತಾಗಲೆಲ್ಲ ಕಾರಣವನ್ನು ಒಂದು ಸಾಲಿನಲ್ಲಿ ಬರೆದೆ. ‘ಕಿಟಕಿಯ ಬೆಳಕಿಗೆ ಪರದೆ ಕಾಣಲಿಲ್ಲ, ಲ್ಯಾಪ್‌ಟಾಪ್ ತಿರುಗಿಸಿದೆ.’ ‘ಚಾರ್ಜರ್ ತರಲು.’ ‘ದನಿ ಕಡಿದುಹೋಯಿತು, ಮತ್ತೆ ಸೇರಿಕೊಂಡೆ.’ ‘ಭುಜ ನೋವು.’ ಹೀಗೆ ಹತ್ತು ಕೆಲಸದ ದಿನ.

ಆ ಸಾಲುಗಳನ್ನು ಗುಂಪು ಮಾಡಿ ಎಣಿಸಿದಾಗ ನಿಜಕ್ಕೂ ಆಶ್ಚರ್ಯವಾಯಿತು. ಮನೆಯವರೆದುರು ನಾನು ದಿನವೂ ದೂರುತ್ತಿದ್ದದ್ದು ಗದ್ದಲದ ಬಗ್ಗೆ. ಪಟ್ಟಿಯಲ್ಲಿ ಅದು ನಾಲ್ಕನೇ ಜಾಗದಲ್ಲಿತ್ತು. ಮೊದಲನೆಯದು ಇಂಟರ್ನೆಟ್, ಎರಡನೆಯದು ಬೆಳಕು, ಮೂರನೆಯದು ಮೈಕೈ ನೋವು. ಯಾವುದನ್ನು ಮೊದಲು ಸರಿಪಡಿಸಬೇಕು ಎಂಬುದನ್ನು ಆ ಪುಸ್ತಕವೇ ಹೇಳಿತು. ಅವತ್ತೇ ಕುರ್ಚಿ ಕೊಂಡಿದ್ದರೆ ಮೂರನೇ ತೊಂದರೆಯ ಅರ್ಧಭಾಗಕ್ಕೆ ಎಲ್ಲ ಹಣ ಸುರಿದಂತಾಗುತ್ತಿತ್ತು.

ಬೆಳಕನ್ನು ಸರಿಮಾಡಲು ಏನೂ ಖರ್ಚಿಲ್ಲ ಎಂದು ಅದರಿಂದಲೇ ಶುರುಮಾಡಿದೆ. ಊಟದ ಮೇಜು ಬಿಟ್ಟು ಚಿಕ್ಕ ಕೋಣೆಗೆ ಹಳೆಯದೊಂದು ಮರದ ಮೇಜು ಹಾಕಿಸಿದೆ. ಕಿಟಕಿ ಬೆನ್ನ ಹಿಂದಿದ್ದರೆ ಅದರ ಬಿಂಬ ಪರದೆಯ ಮೇಲೆ ಬೀಳುತ್ತದೆ, ಮೀಟಿಂಗಿನಲ್ಲಿ ಮುಖ ಕಪ್ಪಗೆ ಕಾಣುತ್ತದೆ. ಎದುರಿಗಿದ್ದರೆ ಹೊರಗಿನ ಬೆಳಕಿಗೆ ಕಣ್ಣು ಕಿರಿದಾಗಿ, ಪರದೆ ಮಂಕಾಗುತ್ತದೆ. ಮಗ್ಗುಲಿಗೆ ಬಂದರೆ ಎರಡೂ ತಪ್ಪುತ್ತವೆ. ಮೇಜನ್ನು ಎಳೆದಾಡುವ ಮೊದಲು ಲ್ಯಾಪ್‌ಟಾಪನ್ನೊಂದೇ ಕೈಯಲ್ಲಿ ಹಿಡಿದು, ಬೆಳಿಗ್ಗೆ, ನಡುಹಗಲು, ಸಂಜೆ ಮೂರು ಹೊತ್ತೂ ಅದೇ ಜಾಗದಲ್ಲಿ ಕೂತು ನೋಡಿದೆ. ಬೆಳಿಗ್ಗೆ ಸರಿಯಿದ್ದ ಮೂಲೆಗೆ ಸಂಜೆ ನಾಲ್ಕಕ್ಕೆ ಬಿಸಿಲು ನೇರ ಹೊಡೆಯುತ್ತಿತ್ತು. ಇನ್ನೊಂದು ಗೋಡೆಗೆ ಹೋಗಬೇಕಾಯಿತು. ಕಿಟಕಿ ಈಗ ಎಡಗಡೆಗಿದೆ, ಅದಕ್ಕೆ ತೆಳುವಾದ ಬಟ್ಟೆಯ ಪರದೆ ಹಾಕಿದ್ದೇನೆ. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡಗಡೆಯಿಂದ ಬಂದರೆ ಕೈಯ ನೆರಳು ಹಾಳೆಯ ಮೇಲೆ ಬೀಳುವುದಿಲ್ಲ.

ಸಂಜೆಯ ಬೆಳಕು ಬೇರೆಯೇ ಮಾತು. ಓದು ಬರಹದ ಕಚೇರಿ ಕೆಲಸಕ್ಕೆ ಮೇಜಿನ ಮೇಲೆ 500 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಬೆಳಕಿರಬೇಕು ಎನ್ನುತ್ತದೆ ಯುರೋಪಿನ ಮಾನದಂಡ. ಫೋನಿನ ಆ್ಯಪ್‌ನಲ್ಲಿ ಅಳೆದಾಗ ನನ್ನ ಮೇಜಿನ ಮೇಲೆ ಅದರ ಕಾಲುಭಾಗವೂ ಇರಲಿಲ್ಲ. ಫೋನಿನ ಅಳತೆ ಕರಾರುವಾಕ್ಕಲ್ಲ, ಆದರೆ ಇಷ್ಟು ದೊಡ್ಡ ವ್ಯತ್ಯಾಸ ಸುಳ್ಳಿರಲಾರದು. 4000 ಕೆಲ್ವಿನ್‌ನ, ಅಂದರೆ ತೀರ ಹಳದಿಯೂ ಅಲ್ಲದ ತೀರ ನೀಲಿಯೂ ಅಲ್ಲದ ಬಿಳಿ ಬೆಳಕಿನ, ಮೇಜುದೀಪವೊಂದನ್ನು ಇಟ್ಟುಕೊಂಡೆ. ಕೋಣೆಯ ದೊಡ್ಡ ದೀಪವನ್ನೂ ಆರಿಸುವುದಿಲ್ಲ. ಕತ್ತಲೆ ಕೋಣೆಯಲ್ಲಿ ಪರದೆಯೊಂದೇ ಬೆಳಗುತ್ತಿದ್ದರೆ ಕಣ್ಣಿಗೆ ಬಲು ಬೇಗ ಆಯಾಸವಾಗುತ್ತದೆ.

ಇನ್ನು ಇಂಟರ್ನೆಟ್. ಇದರಲ್ಲಿ ನಾನು ಕಳೆದುಕೊಂಡ ಕಾಲ ಹೆಚ್ಚು. ವೇಗ ಅಳೆಯುವ ಪುಟದಲ್ಲಿ ಯಾವಾಗ ನೋಡಿದರೂ ಭರ್ಜರಿ ಅಂಕಿ ಬರುತ್ತಿತ್ತು, ಮೀಟಿಂಗಿನಲ್ಲಿ ಮಾತ್ರ ನನ್ನ ಮಾತು ತುಂಡುತುಂಡಾಗುತ್ತಿತ್ತು. ಸೇವೆ ಕೊಡುವ ಕಂಪನಿಗೆ ಫೋನ್ ಮಾಡಿದರೆ “ನಮ್ಮ ಕಡೆಯಿಂದ ಎಲ್ಲ ಸರಿಯಿದೆ ಮೇಡಂ” ಎನ್ನುತ್ತಿದ್ದರು. ಅವರು ಹೇಳಿದ್ದು ನಿಜವಾಗಿತ್ತು ಎಂದು ತಿಳಿದದ್ದು ಆಮೇಲೆ. ವಿಡಿಯೋ ಕರೆಗೆ ಬೇಕಾದ ವೇಗ ಸೆಕೆಂಡಿಗೆ ಕೆಲವೇ ಮೆಗಾಬಿಟ್. ಅದಕ್ಕೆ ಮುಖ್ಯವಾಗಿ ಬೇಕಾದದ್ದು ಏಕಸಮವಾದ ಹರಿವು. ದೊಡ್ಡ ನಲ್ಲಿಯಿದ್ದೂ ನೀರು ನಿಂತು ನಿಂತು ಬಂದರೆ ಹೇಗೋ ಹಾಗೆ.

ಒಂದು ಮಧ್ಯಾಹ್ನ ಕಂಪ್ಯೂಟರಿನಲ್ಲಿ ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ ತೆರೆದು, ಸಂದೇಶ ಹೋಗಿ ಬರಲು ಹಿಡಿಯುವ ಕಾಲ ಅಳೆಯುವ ಪಿಂಗ್ ಆಜ್ಞೆ ಕೊಟ್ಟು, ಹೊರಗಿನ ಯಾವುದೋ ಸರ್ವರ್ ಬದಲು ನನ್ನ ಮನೆಯ ರೌಟರ್‌ನ ವಿಳಾಸವನ್ನೇ ಹಾಕಿದೆ. ಅದೇ ಮನೆಯೊಳಗೆ ಹೋಗಿ ಬರುವ ಸಂದೇಶಕ್ಕೆ ಎರಡು ಮೂರು ಮಿಲಿಸೆಕೆಂಡ್ ಸಾಕು. ನನಗೆ ಕಂಡದ್ದು 3, 4, 3, ಆಮೇಲೆ ಇದ್ದಕ್ಕಿದ್ದಂತೆ 400, ಮತ್ತೆ 5. ತೊಂದರೆ ಹೊರಗಿನ ತಂತಿಯಲ್ಲಿಲ್ಲ, ನನ್ನ ಮೇಜಿಗೂ ರೌಟರಿಗೂ ನಡುವಿನ ಎರಡು ಗೋಡೆಗಳಲ್ಲಿದೆ ಎಂದು ಆಗ ಖಾತ್ರಿಯಾಯಿತು. ದನಿ ಕಡಿಯುವವರು ಯಾರೇ ಇರಲಿ, ಮೊದಲು ಮಾಡಬೇಕಾದ ಪರೀಕ್ಷೆ ಇದು. ಐದು ನಿಮಿಷದ ಕೆಲಸ, ತಿಂಗಳುಗಟ್ಟಲೆಯ ವಾದ ತಪ್ಪುತ್ತದೆ.

ವೈಫೈಗೆ ಸಾಮಾನ್ಯವಾಗಿ ರೇಡಿಯೋ ತರಂಗದ ಎರಡು ಪಟ್ಟಿಗಳು. 2.4 ಗಿಗಾಹರ್ಟ್ಸ್‌ನದು ಗೋಡೆ ದಾಟುತ್ತದೆ, ಆದರೆ ಅಲ್ಲಿ ಜನಸಂದಣಿ ಜಾಸ್ತಿ. ಆ ಪಟ್ಟಿಯೊಳಗೆ ಒಂದಕ್ಕೊಂದು ತಾಗದ ದಾರಿಗಳು, ಅಂದರೆ ಚಾನೆಲ್‌ಗಳು, 1, 6, 11 ಎಂದು ಮೂರೇ ಮೂರು. ಅಕ್ಕಪಕ್ಕದ ಮನೆಗಳ ರೌಟರ್‌ಗಳೂ ಬ್ಲೂಟೂತ್ ಸಾಧನಗಳೂ ಅಲ್ಲೇ, ಮೈಕ್ರೋವೇವ್ ಒಲೆಯ ಸೋರಿಕೆಯೂ ಅಲ್ಲೇ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆಗೆ ಸೋಲುತ್ತದೆ. ಎರಡನ್ನೂ ಬದಲಿಸಿ ಬದಲಿಸಿ ನೋಡಿ ಕೊನೆಗೆ ಕೇಬಲ್ ಎಳೆಸಿದೆ. ಗೋಡೆಯ ಬುಡದುದ್ದಕ್ಕೂ ಹದಿನೆಂಟು ಮೀಟರ್ ಕ್ಯಾಟ್ 6 ಎಂಬ ನೆಟ್‌ವರ್ಕ್ ತಂತಿ. ಅದು ಒಂದು ಗಿಗಾಬಿಟ್ ವೇಗವನ್ನು 100 ಮೀಟರ್‌ವರೆಗೆ ಹೊರುತ್ತದಾದ್ದರಿಂದ ಉದ್ದದ ಚಿಂತೆ ಇಲ್ಲ. ಲ್ಯಾಪ್‌ಟಾಪಿಗೆ ಆ ತಂತಿ ಸಿಕ್ಕಿಸುವ ಕಿಂಡಿ ಇರಲಿಲ್ಲ, ಯುಎಸ್‌ಬಿ ಅಡಾಪ್ಟರ್ ಹಾಕಿದೆ. ಅವತ್ತಿನಿಂದ ನೋಟ್‌ಬುಕ್ಕಿನಲ್ಲಿ ‘ದನಿ ಕಡಿಯಿತು’ ಎಂಬ ಸಾಲು ಒಂದೇ ಒಂದು ಬಾರಿ ಬಂದಿದೆ. ಅದಕ್ಕೂ ಕಾರಣ ಸಿಕ್ಕಿತು: ಮನೆಯ ಫೋನುಗಳು ಫೋಟೋಗಳನ್ನೆಲ್ಲ ಅದೇ ಹೊತ್ತಿಗೆ ಇಂಟರ್ನೆಟ್ಟಿಗೆ ಏರಿಸುತ್ತಿದ್ದವು. ಆ ಕೆಲಸವನ್ನು ರಾತ್ರಿಗೆ ಹಾಕಿದೆ.

ಕರೆಂಟ್ ಹೋದರೆ ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇದೆ, ರೌಟರಿಗೆ ಇಲ್ಲ. ಬಹುಪಾಲು ರೌಟರ್‌ಗಳು 12 ವೋಲ್ಟ್ ಡಿಸಿಯಲ್ಲಿ ಓಡುತ್ತವೆ, ಅದಕ್ಕೆಂದೇ ಅಂಗೈಯಗಲದ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ರೌಟರ್‌ನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆ್ಯಂಪಿಯರ್, ಪಿನ್ನಿನ ಧ್ರುವದ ಗುರುತು ಮೂರನ್ನೂ ಹೊಂದಿಸಿ ನೋಡಬೇಕು. ಗೋಡೆಯಲ್ಲಿ ಫೈಬರ್‌ಗೆ ಬೇರೆ ಪೆಟ್ಟಿಗೆ ಇದ್ದರೆ ಅದಕ್ಕೂ ಕರೆಂಟ್ ಬೇಕು, ಇದನ್ನು ಮರೆಯುವವರೇ ಹೆಚ್ಚು.

ಮೈಯ ಅಳತೆಗೆ ಬರೋಣ. ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇದು. ಅಳೆಯುವ ಟೇಪ್ ತೆಗೆದುಕೊಂಡು ಎರಡೇ ಅಳತೆ ಮಾಡಿದೆ. ಪಾದ ನೆಲಕ್ಕೆ ಚಪ್ಪಟೆಯಾಗಿ ಊರಿ ಕೂತಾಗ ನೆಲದಿಂದ ಮೊಣಕಾಲಿನ ಹಿಂಭಾಗದವರೆಗೆ 41 ಸೆಂಟಿಮೀಟರ್. ಅದು ಕುರ್ಚಿಯ ಎತ್ತರ. ತೋಳು ಸಡಿಲ ಬಿಟ್ಟು ಮೊಣಕೈ ಮಡಿಸಿದಾಗ ನೆಲದಿಂದ ಮೊಣಕೈಗೆ 62. ಕೀಬೋರ್ಡ್ ಹೆಚ್ಚುಕಡಿಮೆ ಆ ಮಟ್ಟದಲ್ಲಿರಬೇಕು. ಆಮೇಲೆ ಮೇಜನ್ನು ಅಳೆದೆ: 75. ಹದಿಮೂರು ಸೆಂಟಿಮೀಟರ್ ಅಂತರ! ದಿನವಿಡೀ ನಾನು ಭುಜಗಳನ್ನು ಕಿವಿಯ ಕಡೆ ಎತ್ತಿ ಹಿಡಿದೇ ಟೈಪ್ ಮಾಡುತ್ತಿದ್ದೆ ಎಂದಾಯಿತು. ಕುತ್ತಿಗೆಯ ಬುಡ ಯಾಕೆ ನೋಯುತ್ತದೆ ಎಂದು ಆಮೇಲೆ ಯಾರನ್ನೂ ಕೇಳಬೇಕಾಗಲಿಲ್ಲ. ಸಾಮಾನ್ಯ ಮೇಜುಗಳ ಎತ್ತರ 72ರಿಂದ 75 ಸೆಂಟಿಮೀಟರ್. ಅದು ಎತ್ತರದವರಿಗೆ ಹೊಂದುತ್ತದೆ, ನನ್ನಂಥ ಗಿಡ್ಡ ಮೈಕಟ್ಟಿನವರಿಗಲ್ಲ.

ಕುರ್ಚಿ ಏರಿಸಿ ಕಾಲಡಿಗೆ ಪೆಟ್ಟಿಗೆ ಇಟ್ಟು ನೋಡಿದೆ. ಮೊಣಕೈಗೆ ಹಿತವಾಯಿತು, ಆದರೆ ಕಾಲು ಆ ಕಡೆ ಈ ಕಡೆ ಸರಿಸಿದ ಕೂಡಲೇ ಪಾದ ಗಾಳಿಯಲ್ಲಿ, ತೊಡೆಯಡಿ ಒತ್ತಡ. ಕೊನೆಗೆ ಮೇಜಿನ ಕಾಲನ್ನೇ ಕೊಯ್ಯಿಸುವುದೆಂದು ನಿಶ್ಚಯಿಸಿದೆ. ಕೊಯ್ದ ಮರ ಮತ್ತೆ ಕೂಡುವುದಿಲ್ಲವಲ್ಲ, ಅದಕ್ಕೇ ಮೊದಲು ಎರಡು ಸ್ಟೂಲಿನ ಮೇಲೆ ಹಲಗೆಯೊಂದನ್ನು ಅದೇ ಎತ್ತರಕ್ಕೆ ಹಾಕಿ ಒಂದು ವಾರ ಕೆಲಸ ಮಾಡಿದೆ. ತೊಡೆಗೂ ಹಲಗೆಗೂ ನಡುವೆ ಮೂರು ಬೆರಳು ಜಾಗ ಉಳಿಯುತ್ತದೆಯೇ ಎಂದೂ ನೋಡಿಕೊಂಡೆ. ಬಡಗಿ ಬಂದು 11 ಸೆಂಟಿಮೀಟರ್ ಕೊಯ್ದರು. ಉಳಿದ ಚೂರು ವ್ಯತ್ಯಾಸಕ್ಕೂ ಕೀಬೋರ್ಡಿನ ದಪ್ಪಕ್ಕೂ ಸೇರಿ ಕುರ್ಚಿ ಮೂರು ಸೆಂಟಿಮೀಟರ್ ಮೇಲೆ, ಕಾಲಡಿಗೆ ಅಷ್ಟೇ ದಪ್ಪದ ಅಗಲ ಹಲಗೆ. ಕುರ್ಚಿ ಹಳೆಯದೇ, ಎತ್ತರ ಬದಲಿಸಬಹುದಾದದ್ದು. ಸೊಂಟದ ಹಿಂದೆ ಟವೆಲ್ಲಿನ ಸುರುಳಿ. ಹೊಸ ಕುರ್ಚಿ ಬೇಕೆಂದು ಮತ್ತೆ ಅನ್ನಿಸಿಲ್ಲ.

ಲ್ಯಾಪ್‌ಟಾಪಿನ ಮೂಲ ತೊಂದರೆ ಅದರ ಪರದೆಯೂ ಕೀಲಿಗಳೂ ಒಂದಕ್ಕೊಂದು ಅಂಟಿಕೊಂಡಿರುವುದು. ಕೈಗೆ ಹೊಂದಿಸಿದರೆ ಕುತ್ತಿಗೆ ಬಾಗುತ್ತದೆ, ಕಣ್ಣಿಗೆ ಹೊಂದಿಸಿದರೆ ಕೈ ಮೇಲೇಳುತ್ತದೆ. ಬೇರೆ ಕೀಬೋರ್ಡ್, ಬೇರೆ ಮೌಸ್ ಇಟ್ಟುಕೊಳ್ಳದೆ ದಾರಿಯಿಲ್ಲ. ಮಣಿಕಟ್ಟಿನ ಜೋಮಿಗೆ ಕಾರಣ ಸಿಕ್ಕಿದ್ದೂ ಇಲ್ಲಿಯೇ. ನನ್ನ ಕೀಬೋರ್ಡಿನ ಬಲಕ್ಕೆ ಅಂಕಿಗಳ ಗುಂಪೊಂದಿತ್ತು. ಅದರಾಚೆಯ ಮೌಸಿಗಾಗಿ ತೋಳು ದಿನವಿಡೀ ಹೊರಕ್ಕೆ ಚಾಚಿರುತ್ತಿತ್ತು. ಅಂಕಿಗಳಿಲ್ಲದ ಚಿಕ್ಕ ಕೀಬೋರ್ಡ್ ಬಂದ ಮೇಲೆ ಮೌಸ್ ಒಂದು ಗೇಣು ಒಳಗೆ ಬಂತು, ಜೋಮು ಕ್ರಮೇಣ ಬಿಟ್ಟಿತು.

ಪರದೆಯ ವಿಷಯದಲ್ಲಿ ಒಂದು ತಪ್ಪು ಮಾಡಿದೆ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲೋ ತುಸು ಕೆಳಗೋ ಇರಬೇಕು, ದೂರ ಒಂದು ತೋಳಿನಷ್ಟು ಎನ್ನುವುದು ಸಾಮಾನ್ಯ ನಿಯಮ. ಹಾಗೆಯೇ ಇಟ್ಟೆ. ಒಂದು ವಾರದಲ್ಲಿ ಕುತ್ತಿಗೆ ನೋವು ಹೆಚ್ಚಾಯಿತು! ಕಾರಣ ನನ್ನ ಪ್ರೋಗ್ರೆಸಿವ್ ಕನ್ನಡಕ. ಅದರಲ್ಲಿ ಹತ್ತಿರದ್ದನ್ನು ಓದುವ ಭಾಗ ಕೆಳಗಿರುತ್ತದೆ. ಪರದೆ ಮೇಲೇರಿದಾಗ ಆ ಭಾಗದಿಂದ ನೋಡಲು ನಾನು ಗದ್ದ ಎತ್ತಿ ತಲೆಯನ್ನು ಹಿಂದಕ್ಕೆ ವಾಲಿಸುತ್ತಿದ್ದೆ. ಪರದೆಯನ್ನು ನಾಲ್ಕು ಬೆರಳಷ್ಟು ಇಳಿಸಿ ಸ್ವಲ್ಪ ಹಿಂದಕ್ಕೆ ಓರೆ ಮಾಡಿದೆ. ಆಮೇಲೆ ಕಣ್ಣಿನ ವೈದ್ಯರ ಬಳಿ ಹೋಗುವಾಗ ಕಣ್ಣಿಂದ ಪರದೆಗಿರುವ ದೂರವನ್ನು ಅಳೆದುಕೊಂಡು ಹೋಗಿ, 60 ಸೆಂಟಿಮೀಟರಿಗೆ ಸರಿಹೊಂದುವ, ಮೇಜಿಗೆಂದೇ ಇನ್ನೊಂದು ಕನ್ನಡಕ ಮಾಡಿಸಿಕೊಂಡೆ. ನಲವತ್ತು ದಾಟಿದವರು ಈ ದೂರ ಅಳೆದುಕೊಂಡು ಹೋಗುವುದು ಒಳ್ಳೆಯದು.

ಪರದೆ ನೋಡುವಾಗ ಕಣ್ಣು ಮಿಟುಕಿಸುವುದು ಕಡಿಮೆಯಾಗುತ್ತದೆ, ಉರಿ ಬರುವುದು ಅದಕ್ಕೇ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಸೆಕೆಂಡು ಇಪ್ಪತ್ತು ಅಡಿ ದೂರ ನೋಡಿ ಎನ್ನುತ್ತಾರೆ. ಕಿಟಕಿ ಮಗ್ಗುಲಿಗೇ ಇರುವುದರಿಂದ ನನಗದು ಸುಲಭ, ತಲೆ ತಿರುಗಿಸಿದರೆ ಸಾಕು.

ಗದ್ದಲದ ಬಗ್ಗೆ ಒಂದೇ ವಿಷಯ ತಿಳಿದಿದ್ದರೆ ಹಣ ಉಳಿಯುತ್ತದೆ. ದಪ್ಪ ಪರದೆ, ಜಮಖಾನ, ಪುಸ್ತಕದ ಕಪಾಟು ಇವೆಲ್ಲ ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುತ್ತವೆ, ಹೊರಗಿನ ಸದ್ದನ್ನು ಅಷ್ಟಾಗಿ ತಡೆಯುವುದಿಲ್ಲ. ಹೊರಗಿನದು ಬರುವುದು ಸಂದುಗಳಿಂದ. ಬಾಗಿಲಿನ ಅಡಿಗೆ ರಬ್ಬರ್ ಪಟ್ಟಿ ಹಾಕಿಸಿದೆ, ಅದರಿಂದಾದ ಉಪಯೋಗ ಬೇರಾವುದರಿಂದಲೂ ಆಗಲಿಲ್ಲ. ನನ್ನ ದನಿ ಆಚೆಯವರಿಗೆ ಚೆನ್ನಾಗಿ ಕೇಳಲು ಮೈಕ್ ಬಾಯಿಯ ಬಳಿಯಿರಬೇಕು. ದೂರ ಎರಡರಷ್ಟಾದಾಗಲೆಲ್ಲ ನೇರ ದನಿ 6 ಡೆಸಿಬಲ್ ಇಳಿಯುತ್ತದೆ. ಅದಕ್ಕೇ ಲ್ಯಾಪ್‌ಟಾಪಿನೊಳಗಿನ ಮೈಕಿಗಿಂತ ಸಾದಾ ಹೆಡ್‌ಸೆಟ್ ಮೇಲು. ಪರದೆ ನೋಡಬೇಕಿಲ್ಲದ ಕರೆಗಳನ್ನು ನಾನು ನಿಂತೇ ಮುಗಿಸುತ್ತೇನೆ.

ಮನೆಯವರ ಜೊತೆಗಿನ ಹೊಂದಾಣಿಕೆಗೆ ಮಾತ್ರ ಟೇಪ್ ಸಾಲದು. ಮೊದಲಲ್ಲಿ ಇಡೀ ದಿನ ಬಾಗಿಲು ಮುಚ್ಚಿರುತ್ತಿದ್ದೆ, ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎಂಟು ಗಂಟೆ ಮುಚ್ಚಿದ ಬಾಗಿಲನ್ನು ಮನೆಯವರು ತಟ್ಟಲೇಬೇಕಾಗುತ್ತದೆ. ಒಂದು ಸಂಜೆ ಮಗಳು, “ಅಮ್ಮ, ನೀನು ನಿಜವಾಗ್ಲೂ ಯಾವಾಗ ಬಿಜಿ ಇರ್ತೀಯಾ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?” ಎಂದಳು. ನ್ಯಾಯವಾದ ಪ್ರಶ್ನೆ. ಮರುದಿನದಿಂದ ಬಾಗಿಲು ಮುಚ್ಚುವುದು ಬೆಳಿಗ್ಗೆ ಎರಡು ಗಂಟೆ ಬರೆಯುವಾಗ ಮತ್ತು ಮೀಟಿಂಗಿನ ಹೊತ್ತಿಗೆ ಮಾತ್ರ. ಉಳಿದ ಹೊತ್ತು ಅರ್ಧ ತೆರೆದಿರುತ್ತದೆ, ಯಾರು ಬೇಕಾದರೂ ಬರಬಹುದು. ಈಗ ಮುಚ್ಚಿದ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಬಾಗಿಲು ತೆರೆದದ್ದರಿಂದ ಇನ್ನೊಂದು ಲಾಭವೂ ಆಯಿತು. ಗಾಳಿಯಾಡದ ಚಿಕ್ಕ ಕೋಣೆಯಲ್ಲಿ ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಗಂಟೆಗಳಲ್ಲಿ ಏರುತ್ತದೆ, ಸೆಖೆಯೂ ಕೂಡುತ್ತದೆ. ಮಧ್ಯಾಹ್ನದ ನನ್ನ ತೂಕಡಿಕೆ ಬಹುಮಟ್ಟಿಗೆ ಕಡಿಮೆಯಾಯಿತು.

ದಿನದ ಕೊನೆಗೆ, ಮಾರನೇ ದಿನ ಮೊದಲು ಬರೆಯಬೇಕಾದ ವಾಕ್ಯದ ಅರ್ಧವನ್ನು ಬರೆದಿಟ್ಟು ಲ್ಯಾಪ್‌ಟಾಪ್ ಮುಚ್ಚಿ ಡ್ರಾಯರಿಗೆ ಹಾಕುತ್ತೇನೆ. ಕಣ್ಣಿಗೆ ಬಿದ್ದರೆ ರಾತ್ರಿ ಒಂಬತ್ತಕ್ಕೂ ತೆರೆಯುವ ಮನಸ್ಸಾಗುತ್ತದೆ.

ನೋಟ್‌ಬುಕ್ ಈಗಲೂ ಇದೆ. ಆರು ತಿಂಗಳಿಗೊಮ್ಮೆ ಒಂದು ವಾರ ಅದೇ ರೀತಿ ಬರೆಯುತ್ತೇನೆ. ಈ ಸಲದ ವಾರದಲ್ಲಿ ಎಲ್ಲಕ್ಕಿಂತ ಹೆಚ್ಚು ಬಂದ ಸಾಲು ‘ನೀರು ಕುಡಿಯಲು’. ದೊಡ್ಡ ಬಾಟಲಿಯೊಂದನ್ನು ಮೇಜಿನ ಮೇಲೆ ಇಟ್ಟರೆ ಈ ಸಾಲೂ ಹೋಗುತ್ತದೆ. ಯೋಚಿಸಿ, ನೀರನ್ನು ಅಡುಗೆಮನೆಯಲ್ಲೇ ಬಿಟ್ಟಿದ್ದೇನೆ. ಹೋಗಿ ಬರಲು ನಲವತ್ತು ಹೆಜ್ಜೆ.